ಬಿಂದಿಗೆ ನೀರಿನ ಮೈದಾನ

ನಮ್ಮೂರಿನ ಖೋ ಖೋ ಮೈದಾನಕ್ಕೆ ಬರುವವರ ಕೈಯಲ್ಲಿ ಒಂದು ಬಿಂದಿಗೆ ನೀರಿರಬೇಕು. ಕಾಲಿಗೆ ಶೂ ಇಲ್ಲದಿದ್ದರೂ ನಡೆಯುತ್ತದೆ. ಆಟವೇ ಬಾರದಿದ್ದರೂ ನಡೆಯುತ್ತದೆ, ಅದಕ್ಕೆ ನಾನೇ ಸಾಕ್ಷಿ. ಬರಿಗೈಯಲ್ಲಿ ಬಂದವರನ್ನು ಮಾತ್ರ ಕಮಲಾಕ್ಷಮ್ಮ ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ.

ಕಮಲಾಕ್ಷಮ್ಮ ನಮ್ಮ ಸರ್ಕಾರಿ ಶಾಲೆಯ ಬಿಸಿಯೂಟದ ಅಡುಗೆಯವರು. ಊರಿಗೆಲ್ಲ ಕಮಲಕ್ಕ. ಹೋಬಳಿ ಕೇಂದ್ರ ಗಂಡಸಿಯಿಂದ ಏಳು ಕಿಲೋಮೀಟರ್ ಒಳಗಿರುವ ಊರು ನಮ್ಮದು. ಆಟದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಇನ್ನೊಬ್ಬರು ಬರಲಿಲ್ಲ. ಅಷ್ಟರಲ್ಲಿ ಈಕೆ ಅಡುಗೆಮನೆಯ ಕಿಟಕಿಯ ಬಳಿ ಕೂತು ಅಕ್ಕಿ ಆರಿಸುತ್ತಾ ಆರಿಸುತ್ತಾ ಖೋ ಖೋ ಆಟದ ಅಷ್ಟೂ ನಿಯಮ ಕಲಿತುಬಿಟ್ಟಿದ್ದರು. ಒಂದು ಸಂಜೆ ಮಕ್ಕಳು ಜಗಳವಾಡಿಕೊಂಡು ಆಡುತ್ತಿದ್ದುದನ್ನು ನೋಡಲಾರದೆ ಸೌಟು ಹಿಡಿದೇ ಹೊರಗೆ ಬಂದರಂತೆ. "ಲೇ, ಕಂಬ ಮುಟ್ದೆ ಹಿಂದಕ್ಕೆ ತಿರುಗಿದ್ಯಲ್ಲೇ, ಅದು ಫೌಲು!" ಆ ಸೌಟು ಇನ್ನೂ ಒಳಗೆ ಹೋಗಿಲ್ಲ. ಹನ್ನೊಂದು ವರ್ಷದಿಂದ ಸಂಜೆ ಐದೂವರೆಗೆ ಅದೇ ಸೌಟಿನಲ್ಲಿ ಸ್ಟೀಲ್ ತಟ್ಟೆ ಬಡಿದು ಆಟ ಶುರು ಮಾಡುತ್ತಾರೆ, ಬಡಿದು ನಿಲ್ಲಿಸುತ್ತಾರೆ. ಸೀಟಿ ಇಲ್ಲ.

"ನೀವು ಯಾವತ್ತಾದ್ರೂ ಆಡಿದ್ರಾ ಕಮಲಕ್ಕ?" ಎಂದು ಒಮ್ಮೆ ಕೇಳಿದ್ದೆ.

"ನಾನ್ ಆಡಿದ್ರೆ ನನ್ನ ಮುಟ್ಟಿ ತಿರುಗ್ತಿದ್ರು ಕಣೋ, ಇದೇ ಕಂಬ ಅಂದ್ಕೊಂಡು."

ನಮ್ಮದು ಕೆಂಪು ಮಣ್ಣು. ಸಂಕ್ರಾಂತಿ ಹೊತ್ತಿಗೆ ಹತ್ತು ಹೆಜ್ಜೆ ಓಡಿದರೆ ಮುಂದಿನವರ ಬೆನ್ನು ಕಾಣದಷ್ಟು ಧೂಳು. ಅದಕ್ಕೇ ಈ ಬಿಂದಿಗೆ. ಮೂವತ್ತು ಮಕ್ಕಳು, ಮೂವತ್ತು ಬಿಂದಿಗೆ. ಅಂಗಳಕ್ಕೆ ನೀರು ಚಿಮುಕಿಸಿದ ಹಾಗೆ ಕೈಯಲ್ಲೇ ಚಿಮುಕಿಸಬೇಕು. ಮೊದಮೊದಲು ಒಬ್ಬ ಯಜಮಾನರು, ತಮ್ಮ ಮನೆ ನೀರಿನ ಜೊತೆ ಎಲ್ಲರ ಮನೆ ನೀರೂ ಬೀಳುವುದು ಸರಿಯೇ ಎಂದು ತಕರಾರು ತೆಗೆದಿದ್ದರು. "ಆಗ್ಲಿ ಬುಡಿ. ನಿಮ್ ಹುಡ್ಗಿ ಕೂತ್ಕೊಳ್ಳೋ ಜಾಗಕ್ಕೆ ಮಾತ್ರ ನಿಮ್ ನೀರು ಹಾಕುಸ್ತೀನಿ. ಅವ್ಳು ಅಲ್ಲೇ ಕೂತಿರ್ಲಿ, ಎದ್ದು ಓಡೋದ್ ಬ್ಯಾಡ" ಎಂದರು ಕಮಲಾಕ್ಷಮ್ಮ. ಹುಡುಗಿ ಅತ್ತಳು, ಯಜಮಾನರು ಸುಮ್ಮನಾದರು.

ನನ್ನ ವಿಷಯ. ಹೆಸರು ಶರತ್ಚಂದ್ರ. ಅರಸೀಕೆರೆಯ ಒಂದು ಪಾರ್ಸೆಲ್ ಆಫೀಸಿನಲ್ಲಿ ಡಬ್ಬಿಗಳ ಮೇಲೆ ಚೀಟಿ ಅಂಟಿಸುವ ಕೆಲಸ. ಶಾಲೆಯಲ್ಲಿ ನಾನೂ ಖೋ ಖೋ ತಂಡದಲ್ಲಿದ್ದೆ. ಸಾಲಿನಲ್ಲಿ ಕೂತಿರುತ್ತಿದ್ದೆ, ಅಟ್ಟುವವರು ಯಾರೂ ನನ್ನ ಬೆನ್ನಿಗೆ ಕೈಯಿಟ್ಟು 'ಖೋ' ಎನ್ನುತ್ತಿರಲಿಲ್ಲ, ಹಾಗಾಗಿ ಏಳುವ ಪ್ರಮೇಯವೇ ಬರಲಿಲ್ಲ. ಒಂದು ಪಂದ್ಯದಲ್ಲಿ ಪೂರ್ತಿ ಒಂಬತ್ತು ನಿಮಿಷ ಕೂತು ಕಾಲು ಜೋಮು ಹಿಡಿದು, ಇಬ್ಬರು ನನ್ನನ್ನು ಎತ್ತಿಕೊಂಡು ಹೋಗಬೇಕಾಯಿತು. ಅಂಥವನನ್ನೂ ಕಮಲಾಕ್ಷಮ್ಮ ಮನೆಗೆ ಕಳಿಸಲಿಲ್ಲ. "ನಿನ್ ಕೈ ನೆಟ್ಟಗೈತೆ, ಗೆರೆ ಎಳಿ" ಎಂದು ಸುಣ್ಣದ ಡಬ್ಬ ಕೊಟ್ಟರು. ಅಂದಿನಿಂದ ಇಂದಿನವರೆಗೂ ಗೆರೆ ನನ್ನದೇ. ಐದೂಕಾಲರ ಬಸ್ಸಿಳಿದು, ಮನೆಯಿಂದ ಬಿಂದಿಗೆ ಹಿಡಿದು ಮೈದಾನಕ್ಕೆ. ದಿನಕ್ಕೆ ಒಂದು ಗಂಟೆಯಾದರೂ ನಾನಿಲ್ಲದೆ ನಡೆಯದ ಕೆಲಸವೊಂದು ಈ ಭೂಮಿಯ ಮೇಲಿದೆಯಲ್ಲ ಎಂಬ ನೆಮ್ಮದಿ ಸಣ್ಣದಲ್ಲ.

ಗಣರಾಜ್ಯೋತ್ಸವದ ದಿನದ ಹೋಬಳಿ ಪಂದ್ಯ ಪ್ರತಿ ವರ್ಷ ಗಂಡಸಿಯಲ್ಲೇ. ಅದು ನಮ್ಮೂರಲ್ಲಿ ನಡೆಯಬೇಕು ಎಂಬುದು ಕಮಲಾಕ್ಷಮ್ಮನ ಆಸೆ. ವರ್ಷ ವರ್ಷವೂ ಅರ್ಜಿ. ಹೇಳುವವರು ಅವರು, ಬರೆಯುವವನು ನಾನು. "ಸುಮ್ನೆ ಯಾಕೆ ಹಟ?" ಎಂದಿದ್ದಕ್ಕೆ, "ಈ ಹುಡ್ಗೀರ ಆಟಾನ ಇವ್ರ ಅವ್ವಂದಿರೇ ನೋಡಿಲ್ಲ ಕಣೋ" ಎಂದಿದ್ದರು. "ಸಂಜೆ ಇಲ್ಲಿಗ್ ಬರಾಣ ಅಂದ್ರೆ ಹಾಲು ಕರಿಬೇಕು, ಗಂಡಸಿಗ್ ಹೋಗಾಣ ಅಂದ್ರೆ ಕೂಲಿ, ಬಸ್ಸು ಎರಡೇ. ಎಲ್ಲಿ ಹೋದಾರು? ಆ ರಂಗಮ್ಮ, ಮಗಳು ಬೀಳೋದು ಯಾಕೆ ಅಂತ ಗೊತ್ತಿಲ್ದೆ ಮಂಡಿಗೆ ಅರಿಶಿನ ಹಚ್ತಾ ಕೂತವ್ಳೆ." ರಂಗಮ್ಮ ಕಾಯಿ ಸುಲಿಯುವ ಕಡೆ ಕೂಲಿಗೆ ಹೋಗುವವಳು. ಮಗಳು ಮಾಲಿನಿ ನಮ್ಮ ತಂಡದಲ್ಲೇ ಚುರುಕು ಓಟಗಾರ್ತಿ.

ಈ ಜನವರಿಯಲ್ಲಿ ಒಪ್ಪಿಗೆ ಸಿಕ್ಕಿತು. ಷರತ್ತು ಒಂದೇ: ಇಪ್ಪತ್ತಾರರ ಬೆಳಿಗ್ಗೆ ಹೋಬಳಿಯ ಆಟದ ಮೇಷ್ಟ್ರು ಬಂದು ನೆಲ ನೋಡುತ್ತಾರೆ, ಸರಿಯಿಲ್ಲದಿದ್ದರೆ ಪಂದ್ಯ ಗಂಡಸಿಗೆ.

ಇಪ್ಪತ್ತೈದರ ಮಧ್ಯಾಹ್ನ ನಾನು ಅರ್ಧ ದಿನ ರಜೆ ಹಾಕಿ ಬಂದೆ. ಮಕ್ಕಳೆಲ್ಲ ಶಾಲೆಯ ಮುಂದಿನ ಅಂಗಳದಲ್ಲಿ ಕವಾಯತಿನ ತಾಲೀಮಿನಲ್ಲಿದ್ದರು. ಬಿಸಿಲಿಗೆ ನೆಲ ಬಿರಿದಿತ್ತು. ಮೂವತ್ತು ಬಿಂದಿಗೆ ಯಾವ ಕಾಲದ ಪದ್ಧತಿ ಎನಿಸಿತು. ತೆಂಗಿನ ತೋಟದ ಷಡಕ್ಷರಪ್ಪನವರನ್ನು ಕೇಳಿ ಅವರ ಟ್ರ್ಯಾಕ್ಟರ್ ಟ್ಯಾಂಕರ್ ತರಿಸಿದೆ. ನಲ್ಲಿ ತಿರುಗಿಸಿದೆ. ಅದೇ ಹೊತ್ತಿಗೆ ಆಫೀಸಿನಿಂದ ಫೋನು: ಬೇಲೂರಿಗೆ ಹೋಗಬೇಕಾದ ಮಿಕ್ಸಿ ಕಣಕಟ್ಟೆಗೆ ಹೋಗಿದೆ, ಚೀಟಿ ಅಂಟಿಸಿದವರು ಯಾರು? ಬೇವಿನ ಮರದ ಕೆಳಗೆ ನಿಂತು ಅದು ನಾನಲ್ಲವೆಂದು ವಾದಿಸಿದೆ. ನಾನೇ ಆಗಿದ್ದೆ. ಅಷ್ಟನ್ನು ಒಪ್ಪಿಕೊಂಡು ಹಿಂದಿರುಗುವಷ್ಟರಲ್ಲಿ ಟ್ಯಾಂಕರ್ ಖಾಲಿ. ಮಲೆನಾಡಿನ ಅರೇಹಳ್ಳಿ ಕಡೆಯವರು ಯಾರಾದರೂ ನೋಡಿದ್ದರೆ ಭತ್ತದ ಪೈರು ತಂದು ನಾಟಿ ಹಾಕುತ್ತಿದ್ದರು.

ಕಮಲಾಕ್ಷಮ್ಮ ಬಂದರು, ನೋಡಿದರು. ಬೈಯುತ್ತಾರೆಂದು ಕಾದೆ. ಅಡುಗೆಮನೆಯ ಮೆಟ್ಟಿಲ ಮೇಲೆ ಕೂತರು. "ರಂಗಮ್ಮ ನಾಳೆ ಕೂಲಿ ಬಿಟ್ಟವ್ಳೆ ಕಣೋ" ಎಂದರು, ಅಷ್ಟೇ. ಸೌಟಿನಲ್ಲಿ ಎರಡು ಬಿಟ್ಟಿದ್ದರೆ ಚೆನ್ನಾಗಿರುತ್ತಿತ್ತು.

ಟ್ಯಾಂಕರ್ ಒಯ್ಯಲು ಬಂದ ಷಡಕ್ಷರಪ್ಪನವರು ಪಂಚೆ ಎತ್ತಿ ಕಟ್ಟಿ ಒಂದು ಸುತ್ತು ನೋಡಿದರು.

"ಏನಪ್ಪ ಶರತ, ಕೆರೆ ಹೂಳೆತ್ತೋದ್ ಬಿಟ್ಟು ಕೆರೇನೇ ಕಟ್ಬಿಟ್ಯಲ್ಲ!"

"ಹೋಗ್ಲಿ ಬಿಡಿ ಅಪ್ಪಾಜಿ, ಏನಾದ್ರೂ ದಾರಿ ಹೇಳಿ."

"ನಮ್ ನಾರಿನ ಶೆಡ್ ಹಿಂದ್ಗಡೆ ಪುಡಿ ಗುಡ್ಡೆ ಬಿದ್ದೈತೆ. ತಂದು ಹರಡ್ರಿ. ನೀರ್ ಕುಡಿಯೋದ್ರಲ್ಲಿ ಅದ್ರ ಮುಂದೆ ಯಾವ್ದೂ ಇಲ್ಲ."

ತೆಂಗಿನಕಾಯಿ ಸಿಪ್ಪೆಯಿಂದ ನಾರು ಬಿಡಿಸಿದ ಮೇಲೆ ಉಳಿಯುವ ಕಂದು ಪುಡಿ ಅದು. ಕಮಲಾಕ್ಷಮ್ಮ ಎದ್ದರು. ತಟ್ಟೆ ಬಡಿದರು. ಗಂಟೆ ಇನ್ನೂ ನಾಲ್ಕು. ಹೊತ್ತಲ್ಲದ ಹೊತ್ತಿನಲ್ಲಿ ಕೇಳಿದ ಸದ್ದಿಗೆ, ತಾಲೀಮು ಮುಗಿಸಿ ಮನೆಗೆ ಹೋಗಿದ್ದ ಮಕ್ಕಳು ಓಡಿ ಬಂದರು; ಅಭ್ಯಾಸ ನೋಡಿ, ಒಬ್ಬೊಬ್ಬರ ಸೊಂಟದಲ್ಲೂ ತುಂಬಿದ ಬಿಂದಿಗೆ!

"ಅಯ್ಯೋ, ಅದ್ನ ಗಿಡಕ್ ಹುಯ್ಯಿರೋ! ಖಾಲಿ ಮಾಡ್ಕೊಂಡು ಬನ್ನಿ!" ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಆದರೆ ಬಿಂದಿಗೆಯ ಬಾಯಿ ಸಣ್ಣದು, ಪುಡಿ ಒಳಗಿಳಿಯದು. ಮಕ್ಕಳು ಮಂಕರಿ, ಚೀಲ ಕೇಳಿಕೊಂಡು ಮನೆಗೆ ಓಡಿದರು. ಮಂಕರಿ ಕೊಟ್ಟ ತಾಯಂದಿರು, ಏನು ನಡೆದಿದೆಯೆಂದು ನೋಡಲು ಹಿಂದೆಯೇ ಬಂದರು. ನೋಡಿದವರು ನಿಲ್ಲಲಿಲ್ಲ, ಹೊತ್ತರು. ಯಾರು ಯಾರ ಮಂಕರಿಗೆ ತುಂಬಿದರು, ಯಾರ ತಲೆಗೆ ಯಾರು ಎತ್ತಿಕೊಟ್ಟರು, ನನಗೆ ಲೆಕ್ಕ ಸಿಗಲಿಲ್ಲ. ಕತ್ತಲಾಗುವ ಮೊದಲೇ ಮೈದಾನಕ್ಕೆ ಕಂದು ಕಂಬಳಿ ಹೊದಿಸಿದ್ದಾಯಿತು. ಬೆಳಿಗ್ಗೆ ಆರಕ್ಕೆ ಅದೇ ಹೆಂಗಸರು ಪೊರಕೆ ತಂದು ಒದ್ದೆ ಪುಡಿ ಗುಡಿಸಿ ತೆಗೆದರು. ನಾನು ಗೆರೆ ಎಳೆದೆ. ನೆಟ್ಟಗೇ ಬಂತು.

ನೆಲ ನೋಡಲು ಬಂದ ಶಿವಯ್ಯ ಮೇಷ್ಟ್ರು ಹಿಮ್ಮಡಿ ಊರಿ ಒತ್ತಿದರು, ನಾಲ್ಕು ಹೆಜ್ಜೆ ಓಡಿ ತಿರುಗಿದರು. "ಮೆತ್ತಗಿದೆಯಲ್ರೀ! ಧೂಳೂ ಇಲ್ಲ. ಏನು ಮಾಡಿದ್ರಿ?"

"ನಮ್ ಹುಡ್ಗ ವಸಿ ನೀರು ಚಿಮುಕ್ಸಿದ್ದ ಸಾರ್" ಎಂದರು ಕಮಲಾಕ್ಷಮ್ಮ, ನನ್ನ ಕಡೆ ನೋಡದೆ.

ಧ್ವಜ ಏರಿತು. ದೇಶದ ಒಗ್ಗಟ್ಟಿನ ಬಗ್ಗೆ ಅತಿಥಿಗಳು ಬಹಳ ಹೊತ್ತು ಮಾತಾಡಿದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಹೆಂಗಸರ ಉಗುರುಗಳಲ್ಲಿ ಕಂದು ಪುಡಿ ಇನ್ನೂ ಹಾಗೇ ಇತ್ತು.

ಆಟ ಶುರುವಾಯಿತು. ರಂಗಮ್ಮ ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಮಾಲಿನಿ ಎದ್ದು ಅಟ್ಟತೊಡಗಿದಾಗ ಸೆರಗು ಎಲ್ಲಿಗೋ ಹೋಯಿತು. "ಹಿಡಿಯೇ! ತಿರುಗ್ಬ್ಯಾಡ ಕಣೇ, ಫೌಲಾಯ್ತದೆ! ಕಂಬ ಮುಟ್ಟೇ!"

"ಇದೆಲ್ಲ ನಿಂಗೆಂಗೆ ಗೊತ್ತು ರಂಗಮ್ಮ?" ಎಂದರು ಕಮಲಾಕ್ಷಮ್ಮ.

"ದಿನಾ ಮುದ್ದೆ ಉಣ್ಣೋವಾಗ ಅವ್ಳು ಹೇಳೋದೇ ಇದು ಕಣಕ್ಕ. ಕೇಳಿದ್ದೆ, ಇವತ್ತು ಕಂಡೆ."

ಮಾಲಿನಿ ಕಂಬದ ಬಳಿ ಅಷ್ಟುದ್ದ ಹಾರಿ ಬಿದ್ದು ಎದುರಾಳಿಯ ಹಿಮ್ಮಡಿ ಮುಟ್ಟಿದಳು. ಎದ್ದಾಗ ಮಂಡಿ ಕಂದಾಗಿತ್ತೇ ಹೊರತು ತರಚಿರಲಿಲ್ಲ. ನಾವು ಎರಡು ಅಂಕಗಳಿಂದ ಸೋತೆವು. ಸೋತದ್ದು ಕಮಲಾಕ್ಷಮ್ಮನಿಗೆ ಬೇಸರವಾಯಿತೇ ಎಂದು ಇಣುಕಿದೆ. ಅವರು ಮೈದಾನವನ್ನೇ ನೋಡುತ್ತಿರಲಿಲ್ಲ, ಗೋಡೆಯುದ್ದಕ್ಕೂ ನಿಂತಿದ್ದ ತಾಯಂದಿರನ್ನು ನೋಡುತ್ತಾ, ಕಣ್ಣಿಗೆ ಧೂಳು ಬಿದ್ದವರಂತೆ ಉಜ್ಜಿಕೊಳ್ಳುತ್ತಿದ್ದರು. ಧೂಳು ಅಂದು ಇರಲಿಲ್ಲ.

ಮರುದಿನ ಬಸ್ಸಿಳಿದು ಬರಿಗೈಯಲ್ಲೇ ಮೈದಾನಕ್ಕೆ ಹೋದೆ. ಗೇಟಿನಲ್ಲಿ ಸೌಟು ಅಡ್ಡ ಬಂತು.

"ಬಿಂದಿಗೆ ಎಲ್ಲೋ?"

"ಮೊನ್ನೆ ಒಂದು ಟ್ಯಾಂಕರ್ ಹಾಕಿದ್ದೀನಲ್ಲ ಕಮಲಕ್ಕ. ದಸರಾವರೆಗೂ ಸಾಲಲ್ವಾ?"

"ಅದು ಷಡಕ್ಷರಪ್ಪೋರ್ ನೀರು. ನಿಂದು ತಾ, ಹೋಗು."

ತಿರುಗಿದೆ. ಹಿಂದೆ ರಂಗಮ್ಮ ನಿಂತಿದ್ದಳು. ಸುಲಿದ ಕಾಯಿಯ ನಾರು ತಲೆಗೂದಲಲ್ಲೇ ಇತ್ತು, ಸೊಂಟದಲ್ಲಿ ಬಿಂದಿಗೆ. "ಸುಮ್ಕೆ ನೋಡೋರೂ ತರ್ಬೇಕೇನಕ್ಕ? ಗೊತ್ತಾಗ್ಲಿಲ್ಲ, ತಂದಿವ್ನಿ" ಎಂದಳು. ಸೌಟು ಪಕ್ಕಕ್ಕೆ ಸರಿಯಿತು. ನಾನು ಮನೆಗೆ ಓಡಿದೆ, ನನ್ನ ಬಿಂದಿಗೆ ತರಲು. ಆಟದಲ್ಲಿ ಎಂದೂ ಅಷ್ಟು ಜೋರಾಗಿ ಓಡಿದವನಲ್ಲ.