ಬೋರ್ಡಿಲ್ಲದ ಬಸ್ಸು

ಅಡುಗೆಮನೆಯ ಶೆಲ್ಫಿನಲ್ಲಿ ಡಬ್ಬಿಗಳ ಕೆಳಗೆ ಹಾಸಲು ಹಳೆಯ ಕ್ಯಾಲೆಂಡರಿನ ಹಾಳೆಯಷ್ಟು ಒಳ್ಳೆಯದು ಇನ್ನೊಂದಿಲ್ಲ. ನ್ಯೂಸ್ ಪೇಪರು ಎಣ್ಣೆ ಕುಡಿದು ತಿಂಗಳಿಗೇ ಸೋತುಹೋಗುತ್ತದೆ, ಪ್ಲಾಸ್ಟಿಕ್ಕು ಡಬ್ಬಿಯ ಬುಡಕ್ಕೆ ಅಂಟಿಕೊಳ್ಳುತ್ತದೆ. ಕ್ಯಾಲೆಂಡರಿನ ದಪ್ಪ ನುಣುಪು ಹಾಳೆಯಾದರೋ ಒದ್ದೆಬಟ್ಟೆಯಲ್ಲಿ ಒರೆಸಿದರೆ ಆಗತಾನೆ ಮುಖ ತೊಳೆದುಕೊಂಡು ಬಂದ ಹಾಗೆ ಕೂರುತ್ತದೆ. ಹೋದ ವಾರ ಯುಗಾದಿಗೆಂದು ಡಬ್ಬಿಗಳನ್ನೆಲ್ಲ ಇಳಿಸಿ ಒರೆಸುವಾಗ ತೊಗರಿಬೇಳೆಯ ಕೆಳಗಿದ್ದ ಹಾಳೆ ಮಗುಚಿಕೊಂಡಿತು. ಬೆನ್ನಿನ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ಬರೆದ ಹದಿನೇಳು ಚೌಕಗಳು, ಚೌಕದಿಂದ ಚೌಕಕ್ಕೆ ಒಂದೊಂದು ಬಾಣ, ಒಳಗೆ ಊರುಗಳ ಹೆಸರು. ಮೇಲ್ತುದಿಯಲ್ಲಿ ಮಾತ್ರ ಕೆಂಪು ಶಾಯಿಯ ಒಂದು ಉದ್ದನೆಯ ಪಟ್ಟಿ. ನಾನು ಕೈಯಲ್ಲಿದ್ದ ಬಟ್ಟೆ ಬಿಟ್ಟು ಅಲ್ಲೇ ನೆಲದ ಮೇಲೆ ಕೂತೆ. ಅದು ನಾನು ಕಟ್ಟಿದ ಮೊದಲ ವೆಬ್‌ಸೈಟಿನ ನಕ್ಷೆ.

ಈಗ ಈ ಮಾತಿಗೆ ಯಾರೂ ಹುಬ್ಬೇರಿಸುವುದಿಲ್ಲವೆಂದು ಬಲ್ಲೆ. ಆದರೆ ನಾನು ಹೇಳುತ್ತಿರುವುದು ಇಂಟರ್‌ನೆಟ್ಟು ಟೆಲಿಫೋನಿನ ತಂತಿಯಲ್ಲಿ ಕಿರುಗುಟ್ಟುತ್ತ, ಏದುಸಿರು ಬಿಡುತ್ತ ಹಾಸನಕ್ಕೆ ಬರುತ್ತಿದ್ದ ಕಾಲದ ಮಾತು. ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಮಹಡಿಯ ಮೇಲೆ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟು ಇತ್ತು. ಹನ್ನೊಂದು ಯಂತ್ರಗಳು, ಅವುಗಳ ಟಕಟಕ ಸದ್ದಿನಲ್ಲೇ ಯಾವ ಹುಡುಗಿ ಯಾವ ಬೆರಳು ತಪ್ಪಿಟ್ಟಳೆಂದು ಗುರುತಿಸುವ ನನ್ನ ಕಿವಿ, ಇಷ್ಟೇ ನನ್ನ ಬಂಡವಾಳ. ಕಟ್ಟಡದ ಯಜಮಾನರು ಪುಟ್ಟಸ್ವಾಮಪ್ಪನವರು. ಕೆಳಗೆ ಅವರ ಬಸ್ಸಿನ ಆಫೀಸು. ಅವರ ಎರಡು ಬಸ್ಸುಗಳು ಚನ್ನರಾಯಪಟ್ಟಣದಲ್ಲಿ ಹೊರಟು, ಹಾಸನಕ್ಕೆ ಬಂದು, ಗೊರೂರು ಹಾದು ಅರಕಲಗೂಡು ಸೇರಿ, ಅಲ್ಲಿಂದ ಹೊಳೆನರಸೀಪುರಕ್ಕೆ ಹೋಗಿ ನಿಂತು ಉಸಿರು ಬಿಡುತ್ತಿದ್ದವು.

ಕಂಪ್ಯೂಟರು ಬಂದಮೇಲೆ ನನ್ನ ಯಂತ್ರಗಳ ಮುಂದಿನ ಸ್ಟೂಲುಗಳು ಒಂದೊಂದಾಗಿ ಖಾಲಿಯಾದವು. ಹೊರಗಿನ ಊರಿನ ಒಂದು ಕಂಪ್ಯೂಟರ್ ತರಬೇತಿಯವರು ಆ ಮಹಡಿಯನ್ನು ಕೇಳಿಕೊಂಡು ಬಂದರು. ಪುಟ್ಟಸ್ವಾಮಪ್ಪನವರಿಗೆ ನನ್ನನ್ನು ಎಬ್ಬಿಸಲು ದಾಕ್ಷಿಣ್ಯ, ಅವರನ್ನು ಬಿಡಲು ಮನಸ್ಸಿಲ್ಲ. ಅದೇ ಹೊತ್ತಿಗೆ ಅವರಿಗೆ ತಮ್ಮ ಬಸ್ಸಿಗೂ ಒಂದು ವೆಬ್‌ಸೈಟ್ ಬೇಕೆಂಬ ಆಸೆ ಹುಟ್ಟಿತ್ತು. ಅದನ್ನು ನಾನೇ ಮಾಡಿಕೊಡುತ್ತೇನೆ, ಗೌರಿಹಬ್ಬದೊಳಗೆ ಮಾಡಿಕೊಟ್ಟರೆ ಮಹಡಿ ನನಗೇ ಉಳಿಯಲಿ ಎಂದೆ. ಆ ಕ್ಷಣದಲ್ಲಿ ನನಗೆ ಗೊತ್ತಿದ್ದದ್ದು ಕಂಪ್ಯೂಟರನ್ನು ಯಾವ ಗುಂಡಿ ಒತ್ತಿ ಶುರುಮಾಡಬೇಕು ಎಂಬುದಷ್ಟೇ.

ಕಲಿತೆ. ಒಂದು ಪುಸ್ತಕ ತರಿಸಿಕೊಂಡು, ಗೆಳತಿಯ ಡಿಟಿಪಿ ಅಂಗಡಿಯ ಕಂಪ್ಯೂಟರಿನ ಮುಂದೆ ಮಧ್ಯಾಹ್ನಗಳನ್ನೆಲ್ಲ ಕಳೆದೆ. ವೆಬ್‌ಪುಟದ ಕೋಡಿನಲ್ಲಿ ಕೋನದ ಕಂಸ, ಅಂದರೆ ಬ್ರಾಕೆಟ್ಟು, ತೆರೆದರೆ ಮುಚ್ಚಬೇಕು, ಒಂದು ಚುಕ್ಕೆ ತಪ್ಪಿದರೆ ಇಡೀ ಪುಟ ಮುನಿಸಿಕೊಳ್ಳುತ್ತದೆ. ಇಷ್ಟನ್ನು ತಿಳಿದಮೇಲೆ ನನಗೆ ಧೈರ್ಯ ಬಂತು. ಇಪ್ಪತ್ತು ವರ್ಷ ಮಕ್ಕಳಿಗೆ ನಾನು ಹೇಳಿಕೊಟ್ಟದ್ದಾದರೂ ಇನ್ನೇನು? ಕನ್ನಡದ್ದು ಬೇರೆಯೇ ಪಾಡು. ಈ ಕಂಪ್ಯೂಟರಿನಲ್ಲಿ ಗೊರೂರು ಆಗಿದ್ದದ್ದು ಆ ಕಂಪ್ಯೂಟರಿನಲ್ಲಿ ಕಾಗೆ ಕಾಲಿನ ಗುರುತಾಗುತ್ತಿತ್ತು. ಅದಕ್ಕೇ ಬಸ್ಸಿಗೆ ಅಕ್ಷರ ಬರೆಯುತ್ತಿದ್ದ ಪೇಂಟರ್ ಸಿದ್ದಪ್ಪನಿಂದ ಊರುಗಳ ಹೆಸರನ್ನೆಲ್ಲ ಕಾಗದದ ಮೇಲೆ ಬರೆಸಿ, ಸ್ಕ್ಯಾನ್ ಮಾಡಿಸಿ, ಚಿತ್ರಗಳಾಗಿ ಕೂರಿಸಿದೆ. ನನ್ನ ಸೈಟಿನ ಕನ್ನಡಕ್ಕೆ ಬಸ್ಸಿನ ಮೈಯ ಕನ್ನಡದ್ದೇ ಬಳುಕು ಇತ್ತು.

ಆದರೆ ನಕ್ಷೆ ಮಾತ್ರ ಪುಟ್ಟಸ್ವಾಮಪ್ಪನವರದು. ಕ್ಯಾಲೆಂಡರಿನ ಹಾಳೆ ಮಗುಚಿಟ್ಟು, ಮೊದಲ ಚೌಕ ಚನ್ನರಾಯಪಟ್ಟಣ ಎಂದರು. ಆಮೇಲೆ ಶಾಂತಿಗ್ರಾಮ, ಆಮೇಲೆ ಹಾಸನ. ಹೀಗೆ ನಿಲ್ದಾಣಕ್ಕೊಂದು ಪುಟ, ಪುಟದ ಕೆಳಗೆ ‘ಮುಂದಿನ ನಿಲ್ದಾಣ’ ಎಂಬ ಒಂದೇ ಕೊಂಡಿ. ಬೇಕಾದ ಊರಿಗೆ ನೇರವಾಗಿ ಹೋಗಲು ದಾರಿ ಬೇಡವೇ ಎಂದು ಕೇಳಿದೆ. ಅವರಿಗೆ ನಿಜಕ್ಕೂ ನೋವಾಯಿತು.

“ಹಾಸನ ಮುಟ್ದೆ ಗೊರೂರಿಗೆ ಬಸ್ಸು ಹೆಂಗೋಯ್ತದೆ ಮೇಡಂ? ದಾರೀಲಿ ಕೈ ಅಡ್ಡ ಹಾಕೋರ್ನ ಬಿಟ್ಟು ಹೋದ್ರೆ ನಮ್ ಮರ್ಯಾದೆ ಏನಾಯ್ತದೆ?”

ಬಸ್ಸು ಬಾಡಿಗೆಗೆ ಸಿಗುತ್ತದೆ ಎಂಬ ಪುಟ ಹದಿನೇಳನೆಯದು, ಹೊಳೆನರಸೀಪುರ ದಾಟಿದ ಮೇಲೆ. ಅದಕ್ಕೂ ಅವರಲ್ಲಿ ನ್ಯಾಯವಾದ ಕಾರಣವಿತ್ತು: ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದ ಮೇಲಲ್ಲವೇ ಬಸ್ಸು ಖಾಲಿಯಾಗುವುದು? ಇಪ್ಪತ್ತು ವರ್ಷ ‘ಯಜಮಾನರು ಹೇಳಿದ್ದನ್ನು ಟೈಪ್ ಮಾಡುವುದು’ ಎಂದು ಪಾಠ ಹೇಳಿದವಳು ನಾನು; ಹೇಳಿದ್ದನ್ನು ಹೇಳಿದ ಹಾಗೆ ಮಾಡಿಕೊಟ್ಟೆ.

ಉದ್ಘಾಟನೆ ಹಾಸನದ ಒಂದು ಸೈಬರ್ ಸೆಂಟರಿನಲ್ಲಿ. ಹೊಸ ಬಸ್ಸಿನ ಚಕ್ರಕ್ಕೆ ಇಡುವ ಹಾಗೆ ಪುಟ್ಟಸ್ವಾಮಪ್ಪನವರು ಮೌಸಿನ ಮುಂದೆ ಒಂದು ನಿಂಬೆಹಣ್ಣು ಇಟ್ಟರು. ಜೊತೆಗೆ ಒಬ್ಬ ಅತಿಥಿ, ಶ್ರವಣಬೆಳಗೊಳಕ್ಕೆ ಯಾತ್ರಿಕರನ್ನು ಕರೆತರುವವರು. ಅವರಿಗೆ ಜಿನನಾಥಪುರದ ಬಸದಿ, ಕೊರವಂಗಲದ ಗುಡಿ, ಗೊರೂರಿನ ಅಣೆಕಟ್ಟು ತೋರಿಸಲು ಬಸ್ಸು ಬೇಕಿತ್ತು. ನೋಡಬೇಕಾದದ್ದು ಆ ಹದಿನೇಳನೆಯ ಪುಟ ಒಂದನ್ನೇ. ಮೊದಲ ಪುಟದಲ್ಲಿ ಬಸ್ಸಿನ ಫೋಟೋ ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ಮೇಲಿನ ಕ್ಯಾರಿಯರ್ ಬಂತು, ಗಾಜು ಬಂತು, ಚಕ್ರ ಬರುವ ಹೊತ್ತಿಗೆ ನಾವೆಲ್ಲ ಒಂದು ಲೋಟ ಟೀ ಮುಗಿಸಿದ್ದೆವು. ಪುಟ್ಟಸ್ವಾಮಪ್ಪನವರು ಕಿಟಕಿ ಪಕ್ಕದ ಸೀಟಿನಲ್ಲಿ ಕೂತವರಂತೆ ಸುಖವಾಗಿದ್ದರು. ನಾಲ್ಕನೆಯ ಪುಟದಲ್ಲಿ ಅತಿಥಿ ಎದ್ದರು. ಇಷ್ಟು ಹೊತ್ತಿಗೆ ನಿಮ್ಮ ಬಸ್ಸಿನಲ್ಲೇ ಅರಕಲಗೂಡು ತಲುಪುತ್ತಿದ್ದೆನಲ್ಲ ಸ್ವಾಮಿ ಎಂದು ನಗುತ್ತ ಹೇಳಿ ಹೊರಟುಹೋದರು. ಯಜಮಾನರು ನಿಂಬೆಹಣ್ಣನ್ನು ಜೇಬಿಗೆ ಹಾಕಿಕೊಂಡು, ನನ್ನ ಮುಖ ನೋಡದೆ ಮೆಟ್ಟಿಲಿಳಿದರು. ಗೌರಿಹಬ್ಬಕ್ಕೆ ಆರು ದಿನ ಉಳಿದಿತ್ತು. ನನಗೆ ಅಳು ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ಮಾರನೆಯ ಬೆಳಿಗ್ಗೆ ಅರಕಲಗೂಡಿನ ತಂಗಿಯ ಮನೆಗೆಂದು ಯಜಮಾನರದೇ ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿದ್ದೆ. ಕೆಳಗೆ ಒಬ್ಬ ಅಜ್ಜಿ ಇದು ಎಲ್ಲಿಗೆ ಹೋಗುವ ಬಸ್ಸೆಂದು ಕಂಡಕ್ಟರ್ ಜವರಪ್ಪನನ್ನು ಮೂರನೆಯ ಸಲ ಕೇಳುತ್ತಿದ್ದಳು. ಅವನಿಗೆ ರೇಗಿತು.

“ಬೋರ್ಡ್ ನೋಡ್ಬುಟ್ಟು ಬಾರವ್ವ. ಓದಕ್ ಬರ್ದಿದ್ರೆ ನಾನ್ ಕೂಗೋದ್ ಕೇಳ್ಸ್ಕೊ. ಓಗೋ ಊರು ಅತ್ತೋಕ್ ಮುಂಚೆ ಗೊತ್ತಾಗ್ಲಿ ಅಂತ್ಲೇ ಕಣವ್ವ ಬೋರ್ಡ್ ಆಕಿರೋದು.”

ನಾನು ಬಸ್ಸಿನಿಂದ ಇಳಿದೇ ಬಿಟ್ಟೆ. ಮುಂದೆ ನಿಂತು ಗಾಜಿನ ಮೇಲಿನ ಹಲಗೆ ನೋಡಿದೆ: ಸಿದ್ದಪ್ಪನ ದುಂಡನೆಯ ಕೈಬರಹದಲ್ಲಿ ಚನ್ನರಾಯಪಟ್ಟಣ, ಹಾಸನ, ಅರಕಲಗೂಡು, ಹೊಳೆನರಸೀಪುರ. ನಿಲ್ದಾಣಗಳನ್ನು ಒಂದನ್ನೂ ಬಿಡದೆ ಹೊತ್ತ ನನ್ನ ಹದಿನೇಳು ಪುಟಗಳ ಬಸ್ಸಿಗೆ ಬೋರ್ಡೇ ಇರಲಿಲ್ಲ. ತಂಗಿಯ ಮನೆಗೆ ಹೋಗುವುದು ಹಬ್ಬ ಕಳೆದ ಮೇಲೆ ನೋಡೋಣವೆಂದು ನೆಟ್ಟಗೆ ಡಿಟಿಪಿ ಅಂಗಡಿಗೆ ನಡೆದೆ. ನಕ್ಷೆಯ ಮೇಲ್ತುದಿಯಲ್ಲಿ ಕೆಂಪು ಪಟ್ಟಿ ಎಳೆದದ್ದು ಅಂದೇ. ಸಿದ್ದಪ್ಪನಿಂದ ಒಂದು ಬೋರ್ಡು ಬರೆಸಿ, ನಾಲ್ಕು ಊರುಗಳ ಪಕ್ಕದಲ್ಲಿ ‘ಬಾಡಿಗೆಗೆ’ ಎಂದೂ ಸೇರಿಸಿ, ಅದನ್ನು ಹದಿನೇಳೂ ಪುಟಗಳ ನೆತ್ತಿಗೆ ಕೂರಿಸಿದೆ. ಯಾವ ಹೆಸರನ್ನು ಒತ್ತಿದರೂ ಆ ಊರೇ ಎದುರಿಗೆ. ಬಸ್ಸಿನ ಫೋಟೋವನ್ನು ಅಂಚೆಚೀಟಿಯಷ್ಟಕ್ಕೆ ಇಳಿಸಿದೆ. ಎಲ್ಲವನ್ನೂ ಕೈಯಾರೆ ಟೈಪ್ ಮಾಡಿದೆ. ಒಂದು ಕಂಸವೂ ತಪ್ಪಲಿಲ್ಲ. ಜಂಬವೆನ್ನುತ್ತೀರಾ? ಧಾರಾಳವಾಗಿ ಅನ್ನಿ, ಆ ಜಂಬವನ್ನು ಹತ್ತೂ ಬೆರಳಿನಲ್ಲಿ ಸಂಪಾದಿಸಿದ್ದೇನೆ.

ಹಬ್ಬದ ಮುನ್ನಾದಿನ ಯಜಮಾನರನ್ನು ಒಬ್ಬರನ್ನೇ ಅದೇ ಸೈಬರ್ ಸೆಂಟರಿಗೆ ಕರೆದುಕೊಂಡು ಹೋಗಿ ಕೂರಿಸಿದೆ. ಅವರು ತೋರುಬೆರಳೊಂದರಲ್ಲೇ ಅಳುಕುತ್ತ ‘ಬಾಡಿಗೆಗೆ’ ಎಂಬುದನ್ನು ಒತ್ತಿದರು. ಪುಟ ತೆರೆಯಿತು. ಆಮೇಲೆ ಬೋರ್ಡಿನಲ್ಲಿ ‘ಹಾಸನ’ ಒತ್ತಿ, ಕೆಳಕ್ಕೆ ಸರಿಸಿ ‘ಮುಂದಿನ ನಿಲ್ದಾಣ’ವನ್ನು ಹುಡುಕಿದರು. ಅದು ಪ್ರತಿ ಊರಿನ ಪುಟದಲ್ಲೂ ಇದ್ದ ಹಾಗೇ ಇತ್ತು. ನಾನು ಅದನ್ನು ತೆಗೆದಿರಲಿಲ್ಲ.

“ದಾರಿ ಜನಾನೂ ಬಿಡ್ಲಿಲ್ಲ, ಅವಸರದೋರ್ನೂ ಬಿಡ್ಲಿಲ್ಲ. ಮಹಡಿ ನಿಮ್ದೇ ಕಣ್ರೀ ಮೇಡಂ,” ಎಂದರು.

ಅತಿಥಿಗೆ ಅಲ್ಲಿಂದಲೇ ಫೋನು ಹೋಯಿತು. ಹಬ್ಬ ಕಳೆದು ಕೆಲವು ವಾರಕ್ಕೆ ಯಾತ್ರಿಕರು ಎರಡೂ ಬಸ್ಸು ತುಂಬಿ ಗೊರೂರಿಗೆ ಹೋದರು.

ಯಜಮಾನರ ಹಟವನ್ನು ಆಗ ಮೂರ್ಖತನವೆಂದುಕೊಂಡಿದ್ದೆ. ಈಗ ಹಾಗನ್ನಿಸುವುದಿಲ್ಲ. ಬೇಕಾದಲ್ಲಿಗೆ ಬೆರಳ ತುದಿಯಲ್ಲೇ ನೆಗೆಯುವ ಈ ಕಾಲದಲ್ಲಿ ಎರಡು ಊರುಗಳ ನಡುವೆಯೂ ಊರುಗಳಿವೆ, ಅಲ್ಲಿಯೂ ಒಬ್ಬರು ಕೈ ಅಡ್ಡ ಹಾಕಿ ನಿಂತಿರುತ್ತಾರೆ ಎಂಬುದನ್ನು ನೆನಪಿಟ್ಟುಕೊಳ್ಳುವವರು ಎಷ್ಟು ಜನ? ನನ್ನ ಶಿಷ್ಯೆಯರಿಗೆ ವೆಬ್‌ಪುಟ ಕಲಿಸುವಾಗ ಇಂದಿಗೂ ಎರಡನ್ನೂ ಹೇಳುತ್ತೇನೆ: ಬೋರ್ಡೂ ಇರಲಿ, ಮುಂದಿನ ನಿಲ್ದಾಣವೂ ಇರಲಿ. ಅದೇ ಮಹಡಿಯಲ್ಲಿ ಹೇಳುತ್ತೇನೆ.

ಬಸ್ಸುಗಳು ಕೈ ಬದಲಾದವು, ಸೈಟೂ ಎಂದೋ ಅಳಿಸಿಹೋಯಿತು. ಆದರೆ ಆ ದೀಪಾವಳಿಗೆ ಬಸ್ಸುಗಳಿಗೆ ಹೊಸ ಬಣ್ಣ ಹೊಡೆಸಿದಾಗ ಹಿಂಭಾಗದಲ್ಲಿ ವೆಬ್‌ಸೈಟಿನ ವಿಳಾಸ ಬರೆಸಿದ್ದರು. ಬಸ್ಸಿನ ಮೂಲೆಯಲ್ಲಿ ಪೇಂಟರು ತನ್ನ ಹೆಸರು ಬರೆದುಕೊಳ್ಳುವುದು ನೀವೂ ನೋಡಿರುತ್ತೀರಿ. ಸಿದ್ದಪ್ಪ ತನ್ನ ಹೆಸರಿನ ಪಕ್ಕದಲ್ಲಿ, ಅಷ್ಟೇ ಗಾತ್ರದ ಅಕ್ಷರದಲ್ಲಿ, ನನ್ನ ಹೆಸರನ್ನೂ ಬರೆದಿದ್ದ. ಯಜಮಾನರೇ ಹೇಳಿ ಬರೆಸಿದ್ದಂತೆ. ನಾಲ್ಕು ತಾಲ್ಲೂಕಿನ ಧೂಳು ತಿಂದ ಹೆಸರು ಅದು.

ನೆಲದಿಂದೆದ್ದು ಹಾಳೆಯನ್ನು ಒರೆಸಿದೆ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣವೆಂದು ಒಂದು ಗಳಿಗೆ ಅನ್ನಿಸಿತು. ಆದರೆ ಶೆಲ್ಫಿಗೆ ಅಷ್ಟು ಒಳ್ಳೆಯ ಹಾಳೆ ಮತ್ತೆಲ್ಲಿ ಸಿಗಬೇಕು? ನಕ್ಷೆಯ ಮುಖ ಮೇಲೆ ಮಾಡಿ ಹಾಸಿದೆ. ಬೇಳೆ ಡಬ್ಬಿ ಹಾಸನದ ಮೇಲೆ ಕೂತಿತು, ಹುಳಿಪುಡಿ ಗೊರೂರಿನ ಮೇಲೆ. ಕೆಂಪು ಬೋರ್ಡಿನ ಮೇಲೆ ಮಾತ್ರ ಏನನ್ನೂ ಇಡಲಿಲ್ಲ. ನೀರು ಕುಡಿಯಲು ಅಡುಗೆಮನೆಗೆ ಬಂದ ಯಾರಾದರೂ ಇದೇನೆಂದು ಕೇಳಲಿ ಎಂದೇ.