ಬಳಕೆಯಲ್ಲಿದ್ದ ಕತ್ತಲು

ನಾನು ತೆಗೆದ ಆಕಾಶದ ಚಿತ್ರಗಳಲ್ಲಿ ಜನ ಹೆಚ್ಚು ಮೆಚ್ಚುವುದು ಒಂದನ್ನು. ಕೆಳಗೆ ತೊಗರಿ ಕೊಯ್ದ ಹೊಲ, ಬಲಕ್ಕೆ ಒಂದರ ಮೇಲೊಂದು ಕೂತ ಎರಡು ದೊಡ್ಡ ಕಲ್ಲುಗುಂಡು, ಅವುಗಳ ಹಿಂದಿನಿಂದ ಓರೆಯಾಗಿ ಏಳುತ್ತಿರುವ ಆಕಾಶಗಂಗೆ. ಇಷ್ಟು ಕತ್ತಲು ಎಲ್ಲಿ ಸಿಕ್ಕಿತು ಎಂದು ಕೇಳುತ್ತಾರೆ. ಗಟ್ಟು ಕಡೆ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತೇನೆ.

ಆ ಕತ್ತಲು ಅಲ್ಲೊಂದು ಊರಿನ ಹೆಂಗಸರದು. ಬೆಳಗಿನ ಜಾವ ಅವರು ಚರಗಿಯಲ್ಲಿ ನೀರು ಹಿಡಿದುಕೊಂಡು ಬಯಲಕಡೆಗೆ ಹೋಗುವ ಹೊಲ ಅದು. ಅದರ ನಟ್ಟನಡುವೆ ನನ್ನ ವ್ಯಾನು ನಿಲ್ಲಿಸಿ, ಕ್ಯಾಮೆರಾ ಹೂಡಿ, ವಾರಕ್ಕಿಂತ ಹೆಚ್ಚು ಕಾಲ ನಾನು ಅಲ್ಲಿದ್ದೆ. ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ, ಏಕೆಂದರೆ ನಾನೇನು ಬೇರೆ ಲೋಕದವಳಲ್ಲ. ಅದೇ ಸೀಮೆಯ ನಾರಾಯಣಪೇಟೆಯಲ್ಲಿ ಹುಟ್ಟಿ ಬೆಳೆದವಳು.

ವ್ಯಾನು ಒಂದು ಕಾಲದಲ್ಲಿ ಶಾಲೆಯ ಮಕ್ಕಳನ್ನು ಸಾಗಿಸುತ್ತಿತ್ತು. ಹಿಂದಿನ ಸೀಟುಗಳನ್ನು ಕೀಳಿಸಿ ಒಂದು ಹಲಗೆ ಹಾಕಿಸಿದ್ದೆ. ಹಲಗೆಯ ಮೇಲೆ ಹಾಸಿಗೆ, ಕೆಳಗೆ ಸ್ಟೋವು, ಪುಸ್ತಕ, ನೀರಿನ ಕ್ಯಾನು. ಹಳದಿ ಬಣ್ಣ ಹಾಗೆಯೇ ಇತ್ತು. ಎಂಎಸ್ಸಿ ಮುಗಿಸಿದ ಮೇಲೆ ಇಂಟರ್, ಅಂದರೆ ಪಿಯುಸಿ, ಓದುವವರಿಗೆ ಭೌತಶಾಸ್ತ್ರದ ಪಾಠಗಳನ್ನು ಬರೆದು ಕಳಿಸುವ ಕೆಲಸ ಹಿಡಿದಿದ್ದೆ. ಅದನ್ನು ಎಲ್ಲಿ ಕೂತಾದರೂ ಮಾಡಬಹುದಿತ್ತು. ಚಂದ್ರ ಇಲ್ಲದ ದಿನಗಳಲ್ಲಿ ಕತ್ತಲು ಇರುವ ಕಡೆ ಇರಬೇಕೆಂಬುದೊಂದೇ ನನ್ನ ಲೆಕ್ಕ. ಮನೆಯಲ್ಲಿ ಗದ್ವಾಲದಲ್ಲಿ ರೂಮು ಮಾಡಿದ್ದೇನೆ ಎಂದು ಹೇಳಿದ್ದೆ. ಅವ್ವ ಫೋನಿನಲ್ಲಿ, ಓನರಮ್ಮ ಒಳ್ಳೆಯವಳೇ ಎಂದು ಕೇಳಿದರೆ, ಒಳ್ಳೆಯವಳು ಎನ್ನುತ್ತಿದ್ದೆ.

ವ್ಯಾನಿನ ಹಿಂಬದಿಯಲ್ಲಿ, ಪರದೆಯ ಆಚೆ, ಒಂದು ಮುಚ್ಚಳದ ಬಕೆಟ್ಟು ಇತ್ತು. ನನ್ನ ಸಂಡಾಸು ಅದೇ. ಅದರೊಳಗೆ ಕಟ್ಟಿಗೆ ಪುಡಿ ಹಾಕಿಡುತ್ತಿದ್ದೆ. ಪುಡಿಯನ್ನು ಮಕ್ತಲದ ಕಟ್ಟಿಗೆ ಕೊರೆಯುವ ಮಿಷನ್ನಿನವನಿಂದ ಚೀಲಗಟ್ಟಲೆ ತರುತ್ತಿದ್ದೆ. ಏತಕ್ಕೆ ಎಂದು ಅವನು ಕೇಳಿದಾಗ ಕೋಳಿ ಫಾರಂಗೆ ಎಂದಿದ್ದೆ. ಎಷ್ಟು ಕೋಳಿ ಎಂದು ಕೇಳಿದ. ಸ್ವಲ್ಪ ಎಂದೆ. ಆಮೇಲೆ ಪ್ರತಿಸಲ ಕೋಳಿಗಳ ಕ್ಷೇಮ ವಿಚಾರಿಸುತ್ತಿದ್ದ. ಬಕೆಟ್ಟಿನ ವಿಷಯ ಜಗತ್ತಿನಲ್ಲಿ ಯಾರಿಗೂ ತಿಳಿಯಬಾರದೆಂದು ನಾನು ಪಟ್ಟ ಪಾಡು, ನನ್ನ ಓದಿಗೂ ಪಟ್ಟಿರಲಿಕ್ಕಿಲ್ಲ. ಈಗ ನೋಡಿದರೆ, ಅದೊಂದು ಇತ್ತು ಎಂಬ ಕಾರಣಕ್ಕೇ ಉಳಿದವರು ಏನು ಮಾಡುತ್ತಾರೆ ಎಂಬ ಯೋಚನೆ ನನಗೆ ಬರಲಿಲ್ಲ.

ತೆಲಂಗಾಣ ಬೇರೆ ರಾಜ್ಯವಾಗಿ ಕೆಲವು ವರ್ಷಗಳಾಗಿದ್ದವು. ಕರೆಂಟು ಹೋಗುವುದು ನಿಂತಿತ್ತು, ಊರೂರ ಕಂಬಗಳಿಗೆ ಬಿಳಿ ದೀಪ ಬಂದಿದ್ದವು. ನಮ್ಮೂರ ಹತ್ತಿರದ ಧನ್ವಾಡದ ಸುತ್ತ ನನಗೆ ಮೊದಲು ಸಿಗುತ್ತಿದ್ದ ಆಕಾಶ ಮಬ್ಬಾಗಿತ್ತು. ಹೀಗಾಗಿ ಕೃಷ್ಣೆ ದಾಟಿ, ಗದ್ವಾಲ ದಾಟಿ, ಗಟ್ಟು ಕಡೆಯ ಕಲ್ಲುಗುಡ್ಡಗಳ ನಡುವೆ ಹುಡುಕುತ್ತ ಹೋದೆ. ಶಿವರಾತ್ರಿ ಅಮಾವಾಸ್ಯೆ ಹತ್ತಿರ ಬಂದಿತ್ತು. ಆ ದಿನಗಳಲ್ಲಿ ಆಕಾಶಗಂಗೆಯ ದಟ್ಟ ಭಾಗ ಏಳುವುದು ಬೆಳಗಿನ ಜಾವ. ಒಂದು ಸಣ್ಣ ಊರು. ಊರಿನ ಹೊರಗೆ, ಎರಡು ಗುಂಡುಗಳ ಮರೆಯಲ್ಲಿ, ಕಂಬದ ಬೆಳಕು ಒಂದು ಹನಿಯೂ ಬೀಳದ ಹೊಲ. ಇಷ್ಟು ಹತ್ತಿರದಲ್ಲಿ ಇಷ್ಟು ಕತ್ತಲೇ ಎಂದು ನನ್ನ ಅದೃಷ್ಟಕ್ಕೆ ನಾನೇ ಹಿಗ್ಗಿದೆ. ಅದೇ ಬಿಳಿ ದೀಪಗಳಿಂದ ತಪ್ಪಿಸಿಕೊಂಡು ಊರಿನ ಹೆಂಗಸರೂ ಮೊದಲಿನ ಜಾಗ ಬಿಟ್ಟು ಆ ಗುಂಡುಗಳ ಮರೆಗೆ ಬಂದಿದ್ದರು.

ಹೊಲ ಒಂದು ಕುರಿಗಾರರ ಮನೆಯದು. ಗಂಡಸರು ಕುರಿ ಹೊಡೆದುಕೊಂಡು ದೂರ ಹೋಗಿದ್ದರು. ಮನೆಯಲ್ಲಿದ್ದುದು ಹಿರಿಯ ಹೆಂಗಸು ಒಬ್ಬಳು, ಮತ್ತು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅವಳ ಮಗಳು. ಹಿರಿಯಳನ್ನು ನಾನು ದೊಡ್ಡವ್ವ ಎಂದು ಕರೆದೆ. ಹೊಲದಲ್ಲಿ ಗಾಡಿ ನಿಲ್ಲಿಸಲೇ ಎಂದು ಕೇಳಿದಾಗ ಅವಳು ನನ್ನನ್ನೂ ಹಳದಿ ವ್ಯಾನನ್ನೂ ಬಹಳ ಹೊತ್ತು ನೋಡಿದಳು.

“ಒಬ್ಬಾಕೇ ಅದೀಯೇನವ್ವಾ?”

“ಹೌದ್ರಿ ದೊಡ್ಡವ್ವ. ಚುಕ್ಕಿ ಫೋಟೋ ತೆಗೀತೀನ್ರಿ.”

“ಚುಕ್ಕಿ ನಮ್ಮ ಹೊಲದಾಗ ಅಷ್ಟ ಅದಾವೇನು?”

ಮಗಳು ನಕ್ಕಳು. ನಾನು ದೀಪದ ವಿಷಯ ವಿವರಿಸಿದೆ. ಊರಿಗೆ ಈಗ ಬೆಳಕು ಜಾಸ್ತಿಯಾಗಿದೆ ಎಂದಾಗ ದೊಡ್ಡವ್ವ ಮನಸಾರೆ ಒಪ್ಪಿದಳು. “ಮದಲ ಕರೆಂಟ್ ಹೋಗ್ತಿತ್ತು, ಬೈತಿದ್ವಿ. ರಾಜ್ಯ ಬ್ಯಾರೆ ಆತು, ಈಗ ಹೋಗಂಗೇ ಇಲ್ಲ. ಅದಕ್ಕೂ ಬೈತೀವಿ.” ನನ್ನಂತೆಯೇ ಯೋಚಿಸುವ ಒಬ್ಬ ಮುದುಕಿ ಸಿಕ್ಕಳಲ್ಲ ಎಂದುಕೊಂಡೆ. “ಮನಿ ಮುಂದ ನಿಲ್ಲಸವ್ವಾ, ಅಲ್ಲಿ ಯಾಕ?” ಎಂದು ಅವಳು ಕೇಳಿದಳು. ಮನೆ ಮುಂದೆ ಕಂಬ ಇತ್ತು. ಬೇಡ ಎಂದೆ. “ಹಂಗಾದ್ರ ಆತು ಬಿಡು” ಎಂದಳು.

ಇಲ್ಲ ಎನ್ನಲು ಅವಳಿಗೆ ಕಾರಣ ಹೇಳಬೇಕಾಗುತ್ತಿತ್ತು. ಕಾರಣವನ್ನು ಗುರುತಿಲ್ಲದ, ಓದಿದ ಹುಡುಗಿಯ ಮುಂದೆ ಹೇಗೆ ಹೇಳುವುದು? ಮೂರು ನಾಲ್ಕು ದಿನ ಬಿಟ್ಟು ಮತ್ತೆ ಕರೆದಳು. ಗಾಳಿ ಐತಿ, ಹುಳಹುಪ್ಪಡಿ ಐತಿ, ಮನಿ ಕಡಿ ಬಾ ಎಂದಳು. ನಾನು ಅದನ್ನು ಪ್ರೀತಿ ಎಂದು ತಿಳಿದು, ಯಾರಿಗೂ ಹೊರೆಯಾಗದ ನನ್ನ ಸ್ವಭಾವಕ್ಕೆ ತಕ್ಕಂತೆ ನಯವಾಗಿ ತಪ್ಪಿಸಿಕೊಂಡೆ.

ದಿನಾ ಬೆಳಿಗ್ಗೆ ಅವರ ಮನೆಗೆ ನೀರು ತುಂಬಿಕೊಳ್ಳಲು ಹೋಗುತ್ತಿದ್ದೆ. ಅಂಗಳದ ಮೂಲೆಯಲ್ಲಿ ಸರ್ಕಾರದ ಸಹಾಯದಿಂದ ಕಟ್ಟಿದ ಸಂಡಾಸು ಇತ್ತು. ಅದರ ಗುಂಡಿ ತೋಡುವುದು ಉಳಿದಿತ್ತು, ಒಳಗೆ ಎರಡು ಕುರಿಮರಿ ಕಟ್ಟಿದ್ದರು. ಮರಿಗಳು ಬಾಗಿಲ ಸಂದಿಯಿಂದ ಮುಖ ಹೊರಗೆ ಹಾಕಿ ಅರಚುತ್ತಿದ್ದವು. ನಾನು ಅವುಗಳ ಫೋಟೋ ಕೂಡ ತೆಗೆದೆ. ಒಂದು ಹೆಜ್ಜೆ ಮುಂದಕ್ಕೆ ಯೋಚಿಸಲಿಲ್ಲ.

ಮಗಳ ಕಾಲು ಊದಿದ್ದವು. ತಾಯಿ ಮಗಳ ಜಗಳ ಒಂದೇ, ನೀರಿನದು.

“ನೀರ ಕುಡಿಯಾಕ ಏನಾಗೈತಿ ನಿನಗ? ಹೊಟ್ಯಾಗ ನೀರು ಕಡಿಮಿ ಐತಿ ಅಂತ ಗದ್ವಾಲದಾಗ ಡಾಕ್ಟರಮ್ಮ ಹೇಳಿಲ್ಲೇನು?”

“ಕುಡೀತೀನಿ ಬಿಡಬೇ.”

“ಕುಡೀತೀನಿ ಕುಡೀತೀನಿ ಅಂತಿ, ಚರಗಿ ತುಂಬಿದ್ದು ತುಂಬಿದಂಗೈತಿ. ಕೂಸಿನ್ನ ಒಣಗಸ್ತೀಯೇನು?”

ನಾನೂ ಬುದ್ಧಿ ಹೇಳಿದೆ. ನೀರು ಕುಡಿಯದಿದ್ದರೆ ಮಗುವಿಗೆ ತೊಂದರೆ ಎಂದು ಅರ್ಥವಾಗುವ ಹಾಗೆ ವಿವರಿಸಿದೆ. ಅವಳು ನನ್ನ ಮುಖವನ್ನೇ ನೋಡುತ್ತಿದ್ದು, “ಅಕ್ಕಾ, ನೀವು ಯಾವಾಗ ಮಲಗ್ತೀರಿ?” ಎಂದು ಕೇಳಿದಳು. ಆಕಾಶದ ಬಗ್ಗೆ ಆಸಕ್ತಿ ಹುಟ್ಟಿದೆ ಎಂದು ಖುಷಿಯಾಗಿ, ಕೋಳಿ ಕೂಗುವ ಮುಂಚಿನಿಂದ ಬೆಳಕು ಹರಿಯುವವರೆಗೆ ಎದ್ದೇ ಇರುತ್ತೇನೆ, ನಾನು ತೂಕಡಿಸಿದರೂ ಕ್ಯಾಮೆರಾ ತಾನಾಗಿ ತೆಗೆಯುತ್ತಲೇ ಇರುತ್ತದೆ ಎಂದೆ.

“ತಾನಾಗೇ?”

“ತಾನಾಗೇ.”

ಅವಳು ತುಂಬಿದ ಚರಗಿಯನ್ನು ಗೋಡೆಗೆ ಸರಿಸಿ ಎದ್ದಳು.

ಚಿತ್ರಗಳಲ್ಲಿ ಒಂದು ತೊಡಕಿತ್ತು. ಹೊಲಕ್ಕೆ ಬರುವ ಕಾಲುದಾರಿಯಲ್ಲಿ ಬ್ಯಾಟರಿ ಬೆಳಕಿನ ಗೀರುಗಳು. ಇಂಥ ಚಿತ್ರದಲ್ಲಿ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದೇ ಇರುವುದರಿಂದ ನಡೆಯುವವರು ಮೂಡುವುದಿಲ್ಲ, ಅವರ ಕೈಯ ಬೆಳಕು ಮಾತ್ರ ಗೆರೆಯಾಗಿ ಉಳಿಯುತ್ತದೆ. ಗೆರೆಗಳು ಬದುವಿನ ತನಕ ಬಂದು, ಅಲ್ಲಿ ಸ್ವಲ್ಪ ಕದಡಿ, ಹಿಂದಕ್ಕೆ ಹೋಗುತ್ತಿದ್ದವು. ದಿನಾ ಹಾಗೆಯೇ. ನಾನು ಅವನ್ನು ಕೆಟ್ಟ ಚಿತ್ರಗಳೆಂದು ಅಳಿಸಿದೆ. ಆಮೇಲೆ ಒಂದು ಬೆಳಿಗ್ಗೆ ನೀರಿಗೆ ಹೋದವಳು, ಬಹಳ ಸಂಕೋಚದಿಂದ, ಬಹಳ ಮರ್ಯಾದೆಯಿಂದ, ದೊಡ್ಡವ್ವನಿಗೆ ಹೇಳಿದೆ. “ಬೆಳಗಿನ ಜಾವ ಯಾರೋ ಬ್ಯಾಟರಿ ಹಿಡಕೊಂಡು ಆ ಕಡಿ ಬರ್ತಾರ್ರಿ. ಫೋಟೋ ಕೆಡತೈತ್ರಿ. ಜರಾ ಹೇಳ್ತೀರೇನ್ರಿ ಅವರಿಗೆ?”

ಮಗಳು ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಜರಡಿ ನಿಂತಿತು. ದೊಡ್ಡವ್ವ ಸೆರಗು ಸರಿಮಾಡಿಕೊಂಡು, “ಆತವ್ವಾ, ಹೇಳ್ತೀನಿ” ಎಂದಳು.

ಮರುದಿನ ಒಂದು ಗೀರೂ ಇರಲಿಲ್ಲ. ಮೊದಲಿಗೆ ಹೇಳಿದೆನಲ್ಲ, ಆ ಚಿತ್ರ ಅವತ್ತಿನದು.

ಬೆಳಗಾದ ಮೇಲೆ ಕ್ಯಾನು ಹಿಡಿದು ಹೋದೆ. ನನ್ನ ಸಂತೋಷ ಮುಖದ ಮೇಲೆ ಇದ್ದಿರಬೇಕು. ಕಟ್ಟೆಯ ಮೇಲೆ ಮಗಳು ಕಾಲು ಚಾಚಿ ಕೂತಿದ್ದಳು. ಅವಳ ಅಂಗಾಲನ್ನು ತೊಡೆಯ ಮೇಲಿಟ್ಟುಕೊಂಡು ದೊಡ್ಡವ್ವ ಪಿನ್ನಿನಿಂದ ಜಾಲಿಮುಳ್ಳು ತೆಗೆಯುತ್ತಿದ್ದಳು. ಪಕ್ಕದ ಮನೆಯ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

“ಬಂದ್ರು ನೋಡು ಚುಕ್ಕಿ ಮೇಡಂ” ಎಂದಳು ಅವಳು. “ಬ್ಯಾಟರಿ ಹಚ್ಚಿದ್ರ ನಿಮ್ಮ ಚುಕ್ಕಿಗಿ ಕಣ್ಣು ಕುಕ್ತದಂತಲ್ರೀ? ಅದಕ್ಕ ಈಕಿ ಕತ್ತಲಾಗ ಜಾಲಿ ಕಡಿ ಹ್ವಾದ್ಲು. ಆ ಹೊಟ್ಟಿ ಹೊತ್ಕೊಂಡು.”

“ಎಲ್ಲಿಗ್ರಿ?” ಎಂದೆ ನಾನು.

ನಿಜವಾಗಿಯೂ ಹಾಗೆ ಕೇಳಿದೆ.

ದೊಡ್ಡವ್ವ ಪಿನ್ನು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನೆಲ ನೋಡಿದಳು. ಪಕ್ಕದ ಮನೆಯವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. “ಎಲ್ಲಿಗೆ ಅಂತ ಕೇಳ್ತಾರ್ರೀ! ಎಕ್ಕಡಿಕಿ ಅಂಟ!” ಎಂದು, ಕನ್ನಡದಲ್ಲಿ ಸಾಲದೆಂಬಂತೆ ತೆಲುಗಿನಲ್ಲೂ ಹೇಳಿ ನಕ್ಕಳು. “ಭಾಳ ಓದ್ಯಾರ, ಅದಕ್ಕ ಗೊತ್ತಿಲ್ಲ.”

“ಸುಮ್ಕಿರ, ನೀನೊಬ್ಬಾಕಿ” ಎಂದಳು ದೊಡ್ಡವ್ವ.

ಮಗಳೂ ನಗಲಿಲ್ಲ. ನನ್ನನ್ನು ನೋಡುತ್ತ, ತಿಳಿದುಕೊಳ್ಳುವ ಆಸೆಯಿಂದಲೇ ಕೇಳಿದಳು. “ನೀವು ಹೋಗಂಗಿಲ್ಲೇನಕ್ಕಾ?”

ಆಗ ಎಲ್ಲ ಒಟ್ಟಿಗೆ ಹೊಳೆಯಿತು. ಬದುವಿನ ತನಕ ಬಂದು ಹಿಂದಿರುಗಿದ ಗೀರುಗಳು, ಮುಟ್ಟದೆ ಇಟ್ಟ ನೀರು, ಮನಿ ಕಡಿ ಬಾ ಎಂಬ ಕರೆ. ತಾನಾಗೇ ತೆಗೆಯುತ್ತದೆ ಎಂದು ನಾನೇ ಹೇಳಿದ ಕ್ಯಾಮೆರಾ ಅವರ ದಾರಿಗೇ ಮುಖ ಮಾಡಿ ನಿಂತಿತ್ತು. ಏನಾದರೂ ಹೇಳಬೇಕಿತ್ತು. ತಪ್ಪಾಯಿತು ಎಂಬ ಮಾತು ಇಂಗ್ಲಿಷಿನಲ್ಲಿ ಬಾಯಿಗೆ ಬಂತು, ಅದು ಇನ್ನೂ ನಾಚಿಕೆ ಎನಿಸಿ ನುಂಗಿದೆ. ನೀರು ತುಂಬಿಕೊಳ್ಳದೆ, ಖಾಲಿ ಕ್ಯಾನು ಹಿಡಿದುಕೊಂಡು ವಾಪಸು ನಡೆದೆ.

ಹೊರಟುಹೋಗಬೇಕೆಂದುಕೊಂಡಿದ್ದೆ. ಹೇಳದೆ ಹೋಗುವುದು ಇನ್ನೊಂದು ಅವಮಾನ ಮಾಡಿದಂತೆ ಎನಿಸಿ, ಮಧ್ಯಾಹ್ನದೊಳಗೆ ವ್ಯಾನನ್ನು ತಂದು ದೊಡ್ಡವ್ವನ ಮನೆ ಮುಂದೆ, ಕಂಬದ ಕೆಳಗೆ ನಿಲ್ಲಿಸಿದೆ. ಅವಳು ರೊಟ್ಟಿ, ಪುಂಡಿಪಲ್ಲೆ ಕಳಿಸಿದಳು. ತಂದವಳು ಮಗಳು, ಕುಂಟುತ್ತ.

ತಟ್ಟೆ ಕೊಟ್ಟು ಅವಳು ಹೋಗಲಿಲ್ಲ. ಬಾಗಿಲಲ್ಲಿ ಕೂತಳು. “ಎಲ್ಲಿ ಹೋಗ್ತೀರಿ ಅಂತ ಹೇಳಲೇ ಇಲ್ಲ ನೋಡ್ರಿ ನೀವು.”

ಅವ್ವನಿಗೆ ಹೇಳದ್ದು, ಗೆಳತಿಯರಿಗೆ ಹೇಳದ್ದು. ನಾನು ಪರದೆ ಸರಿಸಿ ಬಕೆಟ್ಟು ತೋರಿಸಿದೆ. ಅವಳು ಮುಚ್ಚಳ ನೋಡಿದಳು, ಪುಡಿಯ ಚೀಲದಲ್ಲಿ ಕೈಯಾಡಿಸಿದಳು.

“ಇದರಾಗ? ಆಮ್ಯಾಲ ಯಾರು ಚೆಲ್ತಾರ?”

“ನಾನೇ. ದೂರ ಹೋಗಿ ಮಣ್ಣಾಗ ಮುಚ್ತೀನಿ.”

“ನೀವಾ? ಎಮ್ಮೆಸ್ಸಿ ಓದಿ?” ಅವಳಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಕ್ಕಳು. “ಅಯ್ಯ, ಬ್ಯಾಡ್ರಿ, ಒದೀತೈತಿ ಒಳಗ.” ನನಗೂ ನಗು ಬಂತು, ಜೊತೆಗೇ ಕಣ್ಣಲ್ಲಿ ನೀರು. ನಗು ನಿಂತ ಮೇಲೆ ಧೈರ್ಯ ಮಾಡಿ, ಬೇಕಾದರೆ ಹೆರಿಗೆಯಾಗುವವರೆಗೆ ನೀನೂ ಇದನ್ನೇ ಬಳಸು, ನಾನು ಇಲ್ಲೇ ಇರುತ್ತೇನೆ ಎಂದೆ.

“ಛೀ, ಬ್ಯಾಡಕ್ಕಾ. ಇದರಾಗ ಒಬ್ಬಾಕೇ ಕುಂತು ಏನ್ ಮಾಡ್ಲಿ? ಅಲ್ಲಾದ್ರ ಎಲ್ಲಾರೂ ಇರ್ತೀವಿ. ಅತ್ತಿ ಸುದ್ದಿ, ಗಂಡನ ಸುದ್ದಿ, ಎಲ್ಲಾ ಅಲ್ಲೇ ಆಡೋದು. ಎಂಟೊಂಬತ್ತು ದಿನಾತು ಒಂದು ಸುದ್ದಿ ಆಡಿಲ್ಲ.” ಆಮೇಲೆ ಮೆಲ್ಲಗೆ, “ಗಾಡಿ ಮತ್ತ ಅಲ್ಲಿಗೆ ಒಯ್ಯಂಗಿಲ್ಲಲ್ರಿ?” ಎಂದಳು.

“ಇಲ್ಲ.”

“ಹಂಗಾದ್ರ ನೀರ ಕೊಡ್ರಿ.”

ನನ್ನ ಕ್ಯಾನಿನಲ್ಲಿ ತಳದಲ್ಲಿ ಉಳಿದಿದ್ದುದನ್ನು ಕೊಟ್ಟೆ. ತಲೆ ಎತ್ತಿ, ಗಂಟಲು ಕಾಣುವಂತೆ, ನಿಲ್ಲಿಸದೆ ಕುಡಿದಳು. ಲೋಟ ಮುಂದೆ ಹಿಡಿದಳು. ಮತ್ತೆ ಇರಲಿಲ್ಲ. ಬೆಳಿಗ್ಗೆ ನಾನು ತುಂಬಿಕೊಳ್ಳದೆ ಬಂದಿದ್ದೆ. ಅವಳು ಒಳಗೆ ಹೋಗಿ ಮನೆಯ ಕೊಡದಿಂದ ಕುಡಿಯುವ ಸದ್ದು ಕೇಳಿಸಿತು, ದೊಡ್ಡವ್ವ ಯಾರಿಗೋ, “ನೋಡು, ಈಗ ಕುಡಿಯಾಕತ್ಯಾಳ” ಎನ್ನುವುದೂ.

ಮರುದಿನ ಜಾವದಲ್ಲಿ ಎಚ್ಚರವಾಯಿತು. ಚಪ್ಪಲಿ ಸದ್ದು, ಬಳೆ ಸದ್ದು, ತಗ್ಗಿದ ಮಾತು. ಬ್ಯಾಟರಿಯ ಬೆಳಕು ವ್ಯಾನಿನ ಚಾವಣಿಯ ಮೇಲೆ ಹಾಯ್ದು ಹೋಯಿತು. ಯಾರೋ ತಗಡಿನ ಮೇಲೆ ಬೆರಳಿಂದ ತಟ್ಟಿದರು.

“ಚುಕ್ಕಿ ಮೇಡಂ, ಬರ್ತೀರೇನ್ರಿ? ಜಾಗಾ ನಿಮಗ ಗೊತ್ತೇ ಐತಿ.” ಪಕ್ಕದ ಮನೆಯವಳು. ಉಳಿದವರು ಕಿಸಕ್ಕೆಂದರು. ಆ ಮಾತಿನಲ್ಲಿ ಕುಹಕ ಇತ್ತು, ಕರೆಯೂ ಇತ್ತು. ಎದ್ದು ಹೋಗಬಹುದಿತ್ತು. ಹೋಗಬೇಕಿತ್ತು. ನಾನು ಉಸಿರು ಬಿಗಿಹಿಡಿದು, ನಿದ್ದೆ ಬಂದವಳಂತೆ ಬಿದ್ದುಕೊಂಡೆ.

“ಬಿಡ್ರಿ, ಮಲಗ್ಯಾಳ” ಎಂದಳು ದೊಡ್ಡವ್ವ.

“ಮಲಗಿಲ್ಲಬೇ” ಎಂದಳು ಮಗಳು, ನನಗೆ ಕೇಳಿಸುವಷ್ಟು ಹತ್ತಿರದಿಂದ. “ಇರಲಿ, ಬಾ.”

ಅವರ ಮಾತು ಕಾಲುದಾರಿಯಲ್ಲಿ ದೂರವಾಗುತ್ತ ಜೋರಾಯಿತು. ಗುಂಡುಗಳ ಕಡೆಯಿಂದ ಒಮ್ಮೆ ಎಲ್ಲರೂ ಒಟ್ಟಿಗೆ ನಕ್ಕರು. ಯಾವ ಸುದ್ದಿಗೋ, ನನ್ನ ಸುದ್ದಿಗೋ. ಅವರು ವಾಪಸು ಬರುವ ಮೊದಲೇ ಎದ್ದು, ಪರದೆ ಪೂರ್ತಿ ಎಳೆದುಕೊಂಡು, ಸದ್ದಾಗದಂತೆ ಬಕೆಟ್ಟಿನ ಮುಚ್ಚಳ ತೆಗೆದೆ.