ಲಕ್ಷಕ್ಕೆ ಸಾಲದ ತವರುಹೂ

ನಮ್ಮ ಓಣಿಯ ಶಿವನ ಗುಡಿಯಲ್ಲಿ, ನಂದಿಯ ಹಿಂದಿನ ಗೋಡೆಗೆ ಒಂದು ಕಲ್ಲು ಕೂರಿಸಿದ್ದಾರೆ. ಅದರ ಮೇಲೆ ಒಂದು ಹೂ ಕೆತ್ತಿದೆ. ಹೂವಿನ ಕೆಳಗೆ ನನ್ನ ಮಾವನವರ ಹೆಸರು, ಅವರು ಮಾಡಿಸಿದ ಲಕ್ಷ ಹೂವಿನ ಪೂಜೆಯ ಸಂಗತಿ. ಹೋದವರು ಬಂದವರು ಆ ಕಲ್ಲನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾರೆ. ನಾನು ಮಾತ್ರ ಅದರ ಮುಂದೆ ಹಾದಾಗಲೆಲ್ಲ ಹಲ್ಲು ಕಡಿಯುತ್ತೇನೆ. ಈ ವಯಸ್ಸಿಗೆ ಬಾಯಲ್ಲಿ ಉಳಿದಿರುವ ಹಲ್ಲೇ ಕಡಿಮೆ, ಇರುವಷ್ಟನ್ನು ಆ ಕಲ್ಲಿಗಾಗಿಯೇ ಇಟ್ಟುಕೊಂಡಿದ್ದೇನೆ.

ಮೊದಲು ಎಸಳಿನ ವಿಚಾರ ಹೇಳುತ್ತೇನೆ. ಕಲ್ಲುಕುಟಿಗ ಎಂಟು ಎಸಳು ಕೆತ್ತಿದ್ದಾನೆ. ತವರುಹೂವಿಗೆ ಇರುವುದು ಆರೇ. ಇದರಲ್ಲಿ ಅವನ ತಪ್ಪಿಲ್ಲ. ಅವನು ಉಳಿ ಹಿಡಿದು ಬಂದ ಹೊತ್ತಿಗೆ ನೋಡಿ ಕೆತ್ತಲು ಒಂದು ಹೂವೂ ಉಳಿದಿರಲಿಲ್ಲ. ತನಗೆ ಬರುತ್ತಿದ್ದ ಕಮಲವನ್ನೇ ಕೊಂಚ ಚಪ್ಪಟೆ ಮಾಡಿ ಕೊಟ್ಟು ಹೋದ.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ದುರ್ಗಕ್ಕೆ ಪ್ಲೇಗು ಬಂತು. ಇಲಿ ಸತ್ತು ಬಿದ್ದ ಮನೆಯಲ್ಲಿ ಯಾರೂ ಇರಕೂಡದು ಎಂದು ಪೇಟೆಯಲ್ಲಿ ಡಂಗುರ ಹೊಡೆದರು. ಜನ ಗಾಡಿಗೆ ಪಾತ್ರೆ ಪಗಡ ಹೇರಿಕೊಂಡು ಊರ ಹೊರಗೆ ಗುಡಿಸಲು ಹಾಕಲು ಹೊರಟರು. ಆದರೆ ಎಲ್ಲಿಗೆ ಅಂತ ಹೋಗುವುದು? ಸುತ್ತಲಿನ ಹಳ್ಳಿಗಳವರು ದಾರಿಗೆ ಮುಳ್ಳು ಹಾಕಿ, ಕೋಲು ಹಿಡಿದು ನಿಂತಿದ್ದರು. ಪೇಟೆಯವರ ನೆರಳೂ ಬೇಡವಾಗಿತ್ತು. ಅವರಿಗೂ ಮಕ್ಕಳು ಮರಿ ಇದ್ದವಲ್ಲ, ಅವರನ್ನು ದೂರಲಾರೆ.

ನಮ್ಮ ಮಾವನವರದು ಉಣ್ಣೆ, ಕಂಬಳಿಯ ವ್ಯಾಪಾರ. ಜೋಗಿಮಟ್ಟಿಯ ತಪ್ಪಲಿನ ಒಂದು ಕುರಿಯವರ ಹಟ್ಟಿ ತಲೆಮಾರುಗಳಿಂದ ನಮ್ಮ ಅಂಗಡಿಗೇ ಉಣ್ಣೆ ಹಾಕುತ್ತಿತ್ತು. ಆ ಹಟ್ಟಿಯಲ್ಲಿ ಗಂಡ ತೀರಿದ ಮೇಲೆ ತಾನೇ ಮಂದೆ ನಡೆಸುತ್ತಿದ್ದ ಒಬ್ಬಾಕೆ ಇದ್ದಳು. ಎಲ್ಲ ಕಡೆ ಬೈಸಿಕೊಂಡು ನಮ್ಮ ಗಾಡಿ ಅವಳ ಹಟ್ಟಿಯ ಮುಂದೆ ನಿಂತಾಗ ಅವಳು ರೊಟ್ಟಿ ತಟ್ಟುತ್ತಿದ್ದಳು. ಹಿಟ್ಟಿನ ಕೈಯಲ್ಲೇ ಎದ್ದು ಬಂದಳು.

“ಬರ್ರಿ ಸಾವ್ಕಾರ್ರೆ, ಕುಂತ್ಕಳ್ರಿ. ಜಾಗ ಐತೆ, ನೀರೈತೆ, ಇನ್ನೇನು ಬೇಕು? ಸಾಯೋದಾದ್ರೆ ಎಲ್ಲಾರೂ ಒಟ್ಟಿಗೇ ಸಾಯಾಣ” ಎಂದಳು.

ಅತ್ತೆಯವರು “ಬಿಡ್ತು ಅನ್ನು” ಎಂದು ಗದರಿದರು. ಅವಳು ನಕ್ಕಳು. ಆ ಗಳಿಗೆಯಿಂದ ನಾನು ಅವಳನ್ನು ಅಕ್ಕ ಎಂದೇ ಕರೆದೆ.

ಜಾಗ ಕೊಡುವಾಗ ಅಕ್ಕ ಒಂದೇ ಒಂದು ಕರಾರು ಹಾಕಿದಳು. ಹಟ್ಟಿಯ ಮೇಲುಗಡೆ ಬಂಡೆಗಳ ನಡುವೆ ಒಂದು ಇಳಿಜಾರು. ಅಲ್ಲಿ ಮಣ್ಣು ಅಂಗೈ ಆಳ, ಅದರ ಕೆಳಗೆ ಬರೀ ಕಲ್ಲು. ಬಿಸಿಲುಗಾಲದಲ್ಲಿ ನೋಡಿದರೆ ಒಣಹುಲ್ಲು, ನೊರಜುಗಲ್ಲು, ಓತಿಕ್ಯಾತ ಬಿಟ್ಟರೆ ಏನೂ ಇಲ್ಲ.

“ರೋಹಿಣಿ ಮಳೆಗೆ ಅಲ್ಲಿ ಹೂ ಬರ್ತಾವೆ ಸಾವ್ಕಾರ್ರೆ. ಅದನ್ನ ಕೀಳಂಗಿಲ್ಲ, ಮುಡಿಯಂಗಿಲ್ಲ. ಬೀಜ ಉದುರೋ ಗಂಟ ನಮ್ಮ ಕುರೀನೂ ಆ ಕಡೆ ಬಿಡಲ್ಲ. ಅದೊಂದು ನಡೆಸ್ಕೊಡ್ರಿ.”

ಮಾವನವರು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಹಿಡಿದುಕೊಂಡು “ಮಾತು ಕೊಟ್ಟೆ ಕಣವ್ವ” ಎಂದರು. ನಾನು ಪಕ್ಕದಲ್ಲೇ ಇದ್ದೆ. ನನ್ನ ಕಿವಿ ಆಗಲೂ ಸರಿಯಾಗಿತ್ತು, ಈಗಲೂ ಸರಿಯಾಗಿದೆ.

ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಅನ್ನುತ್ತಾರೆ. ಆ ವರ್ಷ ಅದು ಬಂತು. ಮಳೆ ಹೊಯ್ದು ನಿಂತ ಮಾರನೇ ಬೆಳಿಗ್ಗೆ ನೀರಿಗೆಂದು ಎದ್ದು ನೋಡುತ್ತೇನೆ, ಇಳಿಜಾರೆಲ್ಲ ಬೆಳ್ಳಗೆ. ಎಲೆ ಇಲ್ಲ, ಗಿಡ ಇಲ್ಲ. ಬರೀ ನೆಲದಿಂದ ಗೇಣುದ್ದದ ಒಂದೊಂದು ದಂಟು, ಅದರ ತುದಿಗೆ ಒಂದೊಂದೇ ಹೂ. ಹೊರಗೆ ಬಿಳುಪು, ಒಳಗೆ ಎಳೆ ಕುರಿಮರಿಯ ಕಿವಿಯೊಳಗಿನ ಬಣ್ಣ. ಮೂಗು ಹತ್ತಿರ ಹಿಡಿದರೆ ಹಸಿ ಸೌತೆಕಾಯಿಯ ವಾಸನೆ. ಮಧ್ಯಾಹ್ನದ ಹೊತ್ತಿಗೆ ಎಲ್ಲ ಬಾಡಿ ಮಲಗಿದವು. ಮಾರನೆಯ ದಿನ ಬೇರೆಯವು ಎದ್ದವು. ಹೂವಿನ ಗದ್ದಲವೆಲ್ಲ ಮುಗಿದ ಮೇಲೆ, ಆಹಾ ಮರೆತೇ ಹೋಗಿತ್ತು ಎನ್ನುವ ಹಾಗೆ, ಎಲೆ ಬಂತು.

ಅದೇ ವಾರ ಅಕ್ಕನ ಹಿರಿ ಮಗಳ ಮದುವೆ. ನಮ್ಮಲ್ಲಿ ಮದುಮಗಳ ಹತ್ತಿರಕ್ಕೆ ಹೂ ತರುತ್ತಾರೆ. ಅವರಲ್ಲಿ ಹೂವಿನ ಹತ್ತಿರಕ್ಕೆ ಮದುಮಗಳನ್ನು ಕರೆದೊಯ್ಯುತ್ತಾರೆ. ಧಾರೆ ಮುಗಿದ ಮೇಲೆ, ಬಿಸಿಲೇರುವ ಮೊದಲು ಹುಡುಗಿಯನ್ನು ಇಳಿಜಾರಿಗೆ ಹತ್ತಿಸಿದರು. ಅವಳು ಒಂದು ಹೂವಿನ ಮುಂದೆ ಕುಕ್ಕರುಗಾಲಲ್ಲಿ ಕುಂತು, ಬುಡಕ್ಕೆ ಕುರಿಹಾಲು ಎರೆದು, “ಹೋಗಿ ಬರ್ತೀನವ್ವ” ಎಂದಳು. ಅಮ್ಮನಿಗೆ ಹೇಳಲಿಲ್ಲ, ಹೂವಿಗೆ ಹೇಳಿದಳು. ಹಾಗೆ ಹೇಳದೆ ಆ ಹಟ್ಟಿಯ ಯಾವ ಹೆಣ್ಣೂ ಗಂಡನ ಮನೆಗೆ ಹೋದದ್ದಿಲ್ಲ. ಅದಕ್ಕೇ ಅದು ತವರುಹೂ. ಮಳೆ ತಡವಾಗಿ ಹೂ ಬಾರದಿದ್ದರೆ ಮದುವೆಯೇ ಮುಂದಕ್ಕೆ ಹೋಗುತ್ತಿತ್ತು.

ತವರಿನಿಂದ ಹೊರಡುವಾಗ ನನ್ನನ್ನು ಗಾಡಿಗೆ ಹತ್ತಿಸಿದ ಪರಿ ನೆನಪಾಗಿ ಅವತ್ತು ನಾನು ಗುಡಿಸಲಿನ ಹಿಂದೆ ಹೋಗಿ ಅತ್ತುಬಿಟ್ಟೆ. ನನಗೆ ಯಾವ ಹೂವೂ ಇರಲಿಲ್ಲ.

ಪ್ಲೇಗು ಇಳಿಯಿತು. ಪೇಟೆಗೆ ಮರಳಿ ನೋಡಿದರೆ ನಮ್ಮ ಓಣಿಯಲ್ಲಿ ದೀಪ ಹಚ್ಚುವವರಿಲ್ಲದ ಮನೆಗಳು. ನಮ್ಮ ಮನೆಯಲ್ಲಿ ಒಂದು ಕೂಸಿಗೂ ಜ್ವರ ಬರಲಿಲ್ಲ. ಮಾವನವರು ಗುಡಿಯ ಮುಂದೆ ನಿಂತು ಮಗುವಿನಂತೆ ಅತ್ತರು. ಅತ್ತು, ಹರಕೆ ಹೊತ್ತರು. ನಮ್ಮನ್ನು ಕಾಪಾಡಿದ ನೆಲದ ಹೂವನ್ನೇ ಲಕ್ಷ ಏರಿಸಿ ಶಿವನಿಗೆ ಪೂಜೆ ಮಾಡಿಸುತ್ತೇನೆ ಎಂದರು!

ನಮ್ಮ ಮಾವ ಕೆಟ್ಟವರಲ್ಲ. ಹಸಿದು ಬಂದವರಿಗೆ ಉಣ್ಣಲಿಕ್ಕದೆ ತಾವು ಉಂಡವರಲ್ಲ. ಕೆಟ್ಟವರಾಗಿದ್ದರೆ ನನ್ನ ಸಿಟ್ಟು ಎಂದೋ ಆರಿ ಹೋಗುತ್ತಿತ್ತು. ಕೆಟ್ಟವರು ಕೆಡಿಸಿದರೆ ಬೈದು ಮರೆಯಬಹುದು. ಒಳ್ಳೆಯವರು ಕೈಮುಗಿದುಕೊಂಡೇ ಕೆಡಿಸಿದರೆ ಯಾರಿಗೆ ಹೇಳುವುದು?

ಮಾವನ ಎದುರು ಸೊಸೆ ಮಾತಾಡುವ ಕಾಲ ಅದಲ್ಲ. ನನ್ನ ಗಂಡನೋ, ಅಪ್ಪನ ಮುಂದೆ ಕೆಮ್ಮಲೂ ಹೆದರುವವರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ಅತ್ತೆಗೆ ಹೇಳುವಂತೆ ಜೋರಾಗಿ ಹೇಳಿದೆ: “ಅತ್ತೆ, ಆ ಹೂವ ಕೀಳಲ್ಲ ಅಂತ ಮಾತು ಕೊಟ್ಟಿದ್ರಲ್ಲ?”

ಪಡಸಾಲೆಯಿಂದ ಉತ್ತರವೂ ಅತ್ತೆಗೇ ಬಂತು. “ಮುಡಿಯಾಕೆ ಕೀಳಬಾರದು ಅಂತ ಮಾತು. ನಾವೇನು ಮುಡ್ಕೊಂಡು ಮೆರೀತೀವಾ? ಶಿವನ ತಲೆ ಮೇಲೆ ಹೋಗ್ತೈತೆ. ಅದಕ್ಕಿಂತ ಆ ಹೂವಿಗೆ ಇನ್ನೇನು ಪುಣ್ಯ ಬೇಕಂತೆ ಕೇಳು ನಿನ್ನ ಸೊಸೇನ.”

“ಆ ಹುಡುಗಿ ಮದುವೆ ಅತ್ತೆ. ಅಕ್ಕನ ಕಿರಿ ಮಗಳದು. ಬರೋ ರೋಹಿಣಿ ಮಳೆಗೇ ಗೊತ್ತು ಮಾಡ್ಯಾರೆ.”

“ದೇವರ ಕೆಲಸಕ್ಕೆ ಅಡ್ಡ ಬಾಯಿ ಹಾಕ್ಬ್ಯಾಡ” ಎಂದು ಅತ್ತೆ ನನ್ನ ಕೈಗೆ ಒನಕೆ ಕೊಟ್ಟರು. ಅವತ್ತು ಕುಟ್ಟಿದ ಮೆಣಸಿನಕಾಯಿ ಹಿಟ್ಟಿಗಿಂತ ನುಣ್ಣಗಾಯಿತು.

ಮುಂದಿನ ರೋಹಿಣಿಗೆ ಕೂಲಿಯವರನ್ನು ಕಟ್ಟಿಕೊಂಡು ನಮ್ಮ ಅಂಗಡಿಯ ಗುಮಾಸ್ತ ಗುಡ್ಡಕ್ಕೆ ಹೋದ. ಆದರೆ ಹೂವು ಇವರ ಹರಕೆಯನ್ನು ಕೇಳಬೇಕಲ್ಲ. ಕಿತ್ತದ್ದು ಪೇಟೆ ಮುಟ್ಟುವಷ್ಟರಲ್ಲಿ ಬಾಡಿ ಲೋಳೆಯಾಯಿತು. ಬಾಡಿದ ಹೂ ಶಿವನಿಗೆ ಆಗದು. ಆಗ ಗುಮಾಸ್ತನ ತಲೆಗೆ ಹೊಳೆದದ್ದು ಗಡ್ಡೆಸಮೇತ ಅಗೆಯುವ ಉಪಾಯ. ಮೊಗ್ಗಿರುವಾಗಲೇ ಅಗೆದು, ಒದ್ದೆ ಗೋಣಿಯಲ್ಲಿ ಸುತ್ತಿ ತಂದರೆ ಹೂ ಪೇಟೆಯಲ್ಲೇ ಅರಳುತ್ತದೆ. ಪೂಜೆಯಾದ ಮೇಲೆ ಗಡ್ಡೆಗಳನ್ನು ಗುಡಿಯ ಹಿತ್ತಲಿಗೆ ನೆಟ್ಟರಾಯಿತು, ವರ್ಷ ವರ್ಷ ಕೈಗೆಟುಕುವಲ್ಲೇ ಹೂ! ಎಲ್ಲರೂ ಅವನ ಬೆನ್ನು ತಟ್ಟಿದರು.

ಗುದ್ದಲಿ ಹಿಡಿದವರನ್ನು ಅಕ್ಕ ತಡೆದಳಂತೆ. ಮುಂದೆ ಬಂದು ನೆಲದ ಮೇಲೆ ಮಲಗಿಯೇಬಿಟ್ಟಳಂತೆ. “ಸಾವ್ಕಾರ್ರು ದೇವರ ಹೆಸರಲ್ಲಿ ಕಳಿಸ್ಯಾರೆ, ಏಳು” ಎಂದು ಗುಮಾಸ್ತ ಹೇಳಿದಾಗ ಹಟ್ಟಿಯ ಗಂಡಸರೇ ಹೆದರಿ ಅವಳನ್ನು ಎಬ್ಬಿಸಿದರಂತೆ. ದೇವರ ಹೆಸರು ಹೇಳಿದರೆ ಯಾರು ತಾನೆ ಎದುರಾಡುತ್ತಾರೆ? ಇದನ್ನು ಗುಮಾಸ್ತನೇ ಬಂದು ನಮ್ಮ ಜಗಲಿಯಲ್ಲಿ ನಗುತ್ತಾ ಹೇಳಿದ. ಅವನಿಗೆ ಮಜ್ಜಿಗೆ ಕೊಡು ಎಂದರು ಅತ್ತೆ. ಉಪ್ಪಿಲ್ಲದ ಮಜ್ಜಿಗೆ ಕೊಟ್ಟೆ.

ಇಷ್ಟಾದರೂ ಲಕ್ಷ ಆಗಬೇಕಲ್ಲ! ಜೋಗಿಮಟ್ಟಿಯ ಇಳಿಜಾರು ಬರಿದಾದರೂ ಬುಟ್ಟಿ ತುಂಬಲಿಲ್ಲ. ಗಾಡಿಗಳು ಹೊಳಲ್ಕೆರೆಯ ಗುಡ್ಡಗಳಿಗೆ ಹೋದವು, ಹೊಸದುರ್ಗದ ಕಡೆಗೆ ಹೋದವು, ಐಮಂಗಲ ದಾಟಿ ಹಿರಿಯೂರಿನ ಬೋಳು ಗುಡ್ಡಗಳನ್ನೂ ಬಿಡಲಿಲ್ಲ. ಕೆಲವು ಕಡೆ ನಾಲ್ಕು ಹೂ ಇದ್ದವು, ಕೆಲವು ಕಡೆ ಇರಲೇ ಇಲ್ಲ. ಇದ್ದಲ್ಲೆಲ್ಲ ಗುದ್ದಲಿ ಬಿತ್ತು. ಕಡೆಗೆ ಪೂಜೆಯ ದಿನ ಬಂದಾಗ ಲೆಕ್ಕ ಅರ್ಧಕ್ಕೂ ಮುಟ್ಟಿರಲಿಲ್ಲ. ಏನು ಮಾಡಿದರು ಗೊತ್ತೇ? ಓಣಿಯ ಬೇಲಿಗಳಿಂದ ಕಣಗಿಲೆ ಕೀಳಿಸಿ ತಂದು ಉಳಿದದ್ದನ್ನು ತುಂಬಿಸಿದರು.

ಕಣಗಿಲೆ! ಕಣಗಿಲೆ ಆಗುವುದಾಗಿದ್ದರೆ ಮೊದಲನೇ ಹೂವಿನಿಂದಲೇ ಕಣಗಿಲೆ ಏರಿಸಬಹುದಿತ್ತಲ್ಲ? ಅರ್ಧ ಲೆಕ್ಕಕ್ಕೆ ಬೇಲಿಯ ಹೂ ಒಪ್ಪಿದ ಶಿವ ಉಳಿದರ್ಧಕ್ಕೆ ಮುನಿಯುತ್ತಿದ್ದನೇ? ಅವನು ಒಂದು ಬಿಲ್ವದೆಲೆಗೆ ಒಲಿಯುವವನು ಎಂದು ದಿನಾ ಹೇಳುವವರೂ ಇವರೇ.

ಪೂಜೆಯ ದಿನ ಅಕ್ಕ ಬಂದಳು. ಗುಡಿಯೊಳಗೆ ಬರಲಿಲ್ಲ. ಕಂಬಳಿ ಹೊದ್ದು ಹೊರಗೆ ಬೇವಿನ ಮರದ ಕೆಳಗೆ ನಿಂತಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಒಳಗೆ ಶಿವ ಕಾಣುತ್ತಲೇ ಇರಲಿಲ್ಲ, ಹೂವಿನ ರಾಶಿ ಅವನ ತಲೆ ಮುಚ್ಚಿತ್ತು.

“ಬೇರೆ ಹೂವಿನ ಮುಂದೆ ಕೂರಿಸಿ ಮದುವೆ ಮುಗಿಸಾಕೆ ಆಗಲ್ವಾ ಅಕ್ಕ?” ಎಂದು ಕೇಳಿದೆ. ಇನ್ನೇನು ಕೇಳಲಿ?

“ನಿನ್ನ ತವರು ಬಿದ್ದೋದ್ರೆ ಪಕ್ಕದ ಮನಿಗೆ ಹೋಗಿ ಅವ್ವಾ ಅಂತೀಯೇನೇ?” ಎಂದಳು.

ಆ ಮಳೆಗೆ ಕಿರಿಯಳ ಮದುವೆ ನಡೆಯಲಿಲ್ಲ. ಗಂಡಿನವರು ಜವನಗೊಂಡನಹಳ್ಳಿ ಕಡೆಯ ಕುರಿಯವರು. ಅವರಿಗೂ ಪದ್ಧತಿ ಗೊತ್ತಿತ್ತು, ಒಂದು ವರ್ಷ ಕಾದರು. ಮುಂದಿನ ರೋಹಿಣಿ ಚೆನ್ನಾಗಿಯೇ ಹೊಯ್ಯಿತು. ಇಳಿಜಾರಿನಲ್ಲಿ ಗುದ್ದಲಿಯ ಗುಂಡಿಗಳು ತುಂಬಿ ಕೆಂಪು ನೀರು ನಿಂತಿತ್ತು, ಹೂ ಬರಲಿಲ್ಲ. ಇದ್ದ ಅಂಗೈ ಮಣ್ಣೂ ಸಡಿಲವಾಗಿ ಕೊಚ್ಚಿಕೊಂಡು ಹೋಗಿ ಕಲ್ಲು ಎದ್ದು ಕಾಣುತ್ತಿತ್ತು. ಗಂಡಿನವರು ಬೇರೆ ಹೆಣ್ಣು ತಂದುಕೊಂಡರು. ಹೂ ಒಲ್ಲದ ಹುಡುಗಿ ಎಂದು ಹಟ್ಟಿಯಲ್ಲೇ ಕೆಲವರು ಆಡಿಕೊಂಡರು. ಅಗೆದವರು ನಾವು, ಮಾತು ಕೇಳಿಸಿಕೊಂಡವಳು ಅವಳು.

ಗುಡಿಯ ಹಿತ್ತಲಲ್ಲಿ ನೆಟ್ಟ ಗಡ್ಡೆಗಳ ಕತೆಯನ್ನೂ ಹೇಳಿಬಿಡುತ್ತೇನೆ. ಪೂಜಾರಿ ದಿನಾ ಕೊಡ ಕೊಡ ನೀರು ಹಾಕಿದರು. ವರ್ಷವೆಲ್ಲ ಒಣಗಿ ಬಿದ್ದಿದ್ದು ಒಂದು ಮಳೆಗೆ ಏಳುವ ಗಡ್ಡೆ ಅದು. ಎರೆಮಣ್ಣಿನಲ್ಲಿ ಕೊಳೆತು ನಾರಿತು. ಆ ಜಾಗದಲ್ಲಿ ಈಗ ತುಂಬೆ ಬೆಳೆದಿದೆ. ಮಾವನವರು ಮಾತ್ರ ಸಂತೋಷವಾಗಿದ್ದರು. ಕಲ್ಲು ಕೆತ್ತಿಸಿದ್ದು ಆಗಲೇ.

ಆಮೇಲೆ ಎಷ್ಟೋ ಮಳೆ ಕಳೆದವು. ಮಾವನವರು ಶಿವನ ಪಾದ ಸೇರಿದರು. ಒಂದು ಮುಂಗಾರು ಕಳೆದ ಮೇಲೆ ಅಕ್ಕ ಎಂದಿನಂತೆ ಉಣ್ಣೆ ತಂದಳು. ಜೊತೆಗೆ ಆ ಕಿರಿಯಳು. ನೋಡುತ್ತೇನೆ, ಕೊರಳಲ್ಲಿ ತಾಳಿ, ಕಾಲಲ್ಲಿ ಕಾಲುಂಗುರ. ಹೊಸದುರ್ಗದ ಕಡೆ ಕೊಟ್ಟಿದ್ದಾರಂತೆ. ವಯಸ್ಸು ಮೀರಿದರೂ ಮುಖದಲ್ಲಿ ಹೊಸ ಮದುವಣಗಿತ್ತಿಯ ಕಳೆ ಇತ್ತು. ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಹಿತ್ತಲಿಗೆ ಕರೆದು, ಇಬ್ಬರಿಗೂ ರೊಟ್ಟಿ ಬಡಿಸಿ ಕೇಳಿದೆ:

“ಹೂವಿಗೆ ಹೇಳಿ ಹೋದೆಯೇನೇ?”

ಹುಡುಗಿ ಅವ್ವನ ಮುಖ ನೋಡಿದಳು. ಅಕ್ಕ ತಲೆಯಾಡಿಸಿದಳು. “ಹೇಳೇ ಹೋದ್ಲು.”

“ಹೂ ಐತಾ ಅಕ್ಕ? ಎಲ್ಲೈತೆ?”

ಅಕ್ಕ ಮುರಿದ ರೊಟ್ಟಿಯನ್ನು ತಟ್ಟೆಯಲ್ಲೇ ಇಟ್ಟಳು.

“ತಾಯಿ, ನೀನು ಒಳ್ಳೇಳು. ಆದ್ರೆ ನೀನು ಈ ಮನೆಯೋಳು. ಈ ಮನೆಗೆ ಹೇಳಬಾರದು ಅಂತ ಹಟ್ಟಿಯೋರೆಲ್ಲ ದೇವರ ಅರಿಶಿನ ಭಂಡಾರ ಮುಟ್ಟಿ ಆಣೆ ಮಾಡೀವಿ. ಕೇಳಬ್ಯಾಡ.”

ನನಗೆ ಕೆನ್ನೆಗೆ ಹೊಡೆದಂತಾಯಿತು. ಪ್ಲೇಗಿನ ಕಾಲದಲ್ಲಿ ಊರೆಲ್ಲ ಕೋಲು ಹಿಡಿದು ನಿಂತಿದ್ದಾಗ, ಹಿಟ್ಟಿನ ಕೈಯಲ್ಲಿ ಎದ್ದು ಬಂದು ಜಾಗ ಕೊಟ್ಟವಳು ಇವಳು. ಅಂಥವಳು ಒಂದು ಹೂವಿನ ಜಾಗ ಹೇಳಲು ನಮಗೆ ಹೆದರುತ್ತಿದ್ದಾಳೆ. ಮಾರಿಗೆ ಹೆದರದವಳು ನಮ್ಮ ಭಕ್ತಿಗೆ ಹೆದರಿದಳು.

“ಹೇಳಬ್ಯಾಡ ಅಕ್ಕ. ನಾನು ಸಾಯೋ ಹೊತ್ತಲ್ಲಿ ಕೇಳಿದ್ರೂ ಹೇಳಬ್ಯಾಡ” ಎಂದೆ.

ಅವಳು ರೊಟ್ಟಿ ತೆಗೆದುಕೊಂಡು ತಿಂದಳು. ಹುಡುಗಿ ಇನ್ನೊಂದು ಹಾಕಿಸಿಕೊಂಡಳು.

ಮೊನ್ನೆ ಗುಡಿಯವರು ಮನೆಗೆ ಬಂದಿದ್ದರು. ಮಾವನವರ ಪೂಜೆಯನ್ನು ಮತ್ತೆ ಒಮ್ಮೆ ಮಾಡಬೇಕಂತೆ, ಊರಿಗೆ ಒಳ್ಳೆಯದಂತೆ. ಆ ಹೂ ಈಗ ಎಲ್ಲಿ ಸಿಗುತ್ತದೆ, ಹಳಬರು ನಿಮಗೇ ಗೊತ್ತಿರಬೇಕು ಅಜ್ಜಿ ಎಂದರು. ನನಗೆ ಗೊತ್ತಿಲ್ಲ ಎಂದೆ. ನೆನಪು ಮಾಡಿಕೊಳ್ಳಿ ಎಂದು ಬಲವಂತ ಮಾಡಿದರು. ಗುಡಿಯ ಗೋಡೆಯಲ್ಲೇ ಒಂದಿದೆ, ಎಂಟು ಎಸಳಿನದು, ಬೇಕಾದರೆ ಅದನ್ನೇ ಕಿತ್ತು ಏರಿಸಿ ಎಂದು ಹೇಳಿ ಬಾಗಿಲು ಹಾಕಿಕೊಂಡೆ.